ಮುಂದೂಡಿದ ಬಾಕ್ಸಿಂಗ್ ಪಂದ್ಯದ ಟಿಕೆಟ್ ಇಟ್ಟುಕೊಳ್ಳಬೇಕೇ, ಹಣ ವಾಪಸ್ ಪಡೆಯಬೇಕೇ?

ನೀವು ಕೇಳಿರುವುದು ಎರಡು ವಿಷಯ. ದುಬೈನಲ್ಲಿರುವ ಅಣ್ಣನ ಜೊತೆ ಕೂತು ನೋಡಬೇಕೆಂದು ದೊಡ್ಡ ಹೆವಿವೇಟ್ ಪಂದ್ಯವೊಂದಕ್ಕೆ ಎರಡು ಟಿಕೆಟ್ ಕೊಂಡಿದ್ದಿರಿ. ಬಾಕ್ಸರ್ ಒಬ್ಬರಿಗೆ ತಾಲೀಮಿನಲ್ಲಿ ಹುಬ್ಬಿನ ಮೇಲೆ ಗಾಯವಾಯಿತೆಂದು ಪಂದ್ಯವನ್ನು ಮುಂದೂಡಿದ್ದಾರೆ. ಈಗ ಟಿಕೆಟ್ ಇಟ್ಟುಕೊಳ್ಳುವುದೋ, ಹಣ ವಾಪಸ್ ಕೇಳುವುದೋ ಎಂಬುದು ಮೊದಲನೆಯದು. ಟಿಕೆಟ್ ಸರಿಯಾಗಿ ಮಾರಾಟವಾಗದ ಕಾರಣ ಗಾಯದ ನೆಪ ಹೇಳುತ್ತಿದ್ದಾರೆ ಎಂಬ ನಿಮ್ಮ ಗೆಳೆಯರ ಮಾತು ನಿಜವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನ ಉತ್ತರ ಇಷ್ಟು: ಹೊಸ ದಿನಾಂಕ ಮತ್ತು ಕ್ರೀಡಾಂಗಣ ಎರಡನ್ನೂ ಖಚಿತವಾಗಿ ಪ್ರಕಟಿಸಿದ್ದರೆ ಟಿಕೆಟ್ ಇಟ್ಟುಕೊಳ್ಳುವ ಯೋಚನೆ ಮಾಡಬಹುದು; "ದಿನಾಂಕವನ್ನು ನಂತರ ತಿಳಿಸಲಾಗುವುದು" ಎಂದಷ್ಟೇ ಇದ್ದರೆ ಹಣ ವಾಪಸ್ ಕೇಳಿ.

ನಾನು ಶಿವಮೊಗ್ಗದವನು. ಬಾಕ್ಸಿಂಗ್ ನನಗೆ ದೂರದಿಂದ ನೋಡಿ ಗೊತ್ತಿರುವ ಆಟ. ಹತ್ತಿರದಿಂದ ಗೊತ್ತಿರುವುದು ನಮ್ಮ ಕಡೆಯ ಕುಸ್ತಿ. ಜಾತ್ರೆಯ ಕುಸ್ತಿಗಳಲ್ಲಿ ಟಿಕೆಟ್ ಮೇಜಿನ ಹಿಂದೆ ಕೂತ ಅನುಭವ ನನಗಿದೆ. ಕುಸ್ತಿಯಲ್ಲಿ ಒಂದೇ ದಿನ ಹತ್ತಾರು ಜೋಡಿ ಕಟ್ಟುತ್ತಾರೆ. ಬೆಳ್ಳಿ ಗದೆಗೆ ಸೆಣಸಬೇಕಾದ ಪೈಲ್ವಾನರಲ್ಲಿ ಒಬ್ಬರ ಭುಜ ಜಾರಿದರೂ ಸಮಿತಿಯವರು ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸುತ್ತಾರೆ, ಅಖಾಡ ಖಾಲಿಯಾಗುವುದಿಲ್ಲ, ಜನರೂ ಎದ್ದು ಹೋಗುವುದಿಲ್ಲ. ದೊಡ್ಡ ಬಾಕ್ಸಿಂಗ್ ಪಂದ್ಯದಲ್ಲಿ ಆ ಅವಕಾಶ ಕಡಿಮೆ. ಮುಖ್ಯ ಪಂದ್ಯಕ್ಕೆ ಮೊದಲು ಬೇರೆ ಸ್ಪರ್ಧೆಗಳು ಇರುತ್ತವಾದರೂ ಜನ ದುಡ್ಡು ಕೊಡುವುದು ಎರಡು ಹೆಸರುಗಳಿಗೆ. ಆ ಎರಡು ದೇಹಗಳಲ್ಲಿ ಒಂದು ಕೆಟ್ಟರೆ ಹೆಚ್ಚಿನ ಸಲ ಇಡೀ ಕಾರ್ಯಕ್ರಮವೇ ನಿಲ್ಲುತ್ತದೆ. ಈ ಆಟದಲ್ಲಿ ಮುಂದೂಡಿಕೆ ಇಷ್ಟು ಸಾಮಾನ್ಯವಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಹುಬ್ಬಿನ ಗಾಯ ಎಂದರೆ ಹೊರಗಿನವರಿಗೆ ಸಣ್ಣದಾಗಿ ಕಾಣುತ್ತದೆ. ಹುಬ್ಬಿನ ಜಾಗದಲ್ಲಿ ಚರ್ಮದ ಕೆಳಗೆ ನೇರವಾಗಿ ಮೂಳೆಯ ಏಣು ಇದೆ, ನಡುವೆ ಮಾಂಸ ಕಡಿಮೆ. ಸ್ಪಾರಿಂಗ್, ಅಂದರೆ ಜೊತೆಗಾರನೊಂದಿಗೆ ತಾಲೀಮಿನ ಗುದ್ದಾಟ, ಮಾಡುವಾಗ ಎದುರಿನವನ ಮೊಣಕೈಯೋ ತಲೆಯೋ ತಗುಲಿದರೆ ಚರ್ಮ ಆ ಏಣಿನ ಮೇಲೆ ಸೀಳಿಹೋಗುತ್ತದೆ. ಹೊಲಿಗೆ ಹಾಕಿದ ಮೇಲೆ ಮೇಲ್ಚರ್ಮ ಬೇಗ ಕೂಡಿಕೊಂಡಂತೆ ಕಂಡರೂ ಒಳಪದರ ಗಟ್ಟಿಯಾಗಲು ವಾರಗಳು ಬೇಕು. ಅದಕ್ಕೆ ಮೊದಲು ಒಂದು ನೇರವಾದ ಗುದ್ದು ಬಿದ್ದರೆ ಸಾಕು, ಗಾಯ ಮತ್ತೆ ಬಿಚ್ಚಿಕೊಂಡು ರಕ್ತ ಕಣ್ಣಿಗೆ ಇಳಿಯುತ್ತದೆ, ಎದುರಿನ ಕೈ ಕಾಣುವುದಿಲ್ಲ, ವೈದ್ಯರು ಪಂದ್ಯ ನಿಲ್ಲಿಸುತ್ತಾರೆ. ಜೊತೆಗೆ, ಗಾಯ ಮಾಯುವವರೆಗೆ ಸ್ಪಾರಿಂಗ್ ನಿಂತಿರುವುದರಿಂದ ತಿಂಗಳುಗಟ್ಟಲೆ ಒಂದೇ ದಿನಕ್ಕೆಂದು ಹದ ಮಾಡಿಕೊಂಡ ದೇಹವನ್ನು ಮತ್ತೆ ಹದಕ್ಕೆ ತರಬೇಕು. ಹೀಗಾಗಿ ಹೊಸ ದಿನಾಂಕ ಮುಂದಿನ ವಾರಕ್ಕೆ ಬೀಳುವುದಿಲ್ಲ.

ಇದಕ್ಕೆ ಬಹಳ ಹೆಸರಾದ ನಿದರ್ಶನ 1974ರದ್ದು. ಮುಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಅವರ ಪಂದ್ಯ ಆಗ ಜೈರೆ ಎಂದು ಕರೆಯುತ್ತಿದ್ದ ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ಸೆಪ್ಟೆಂಬರ್ 25ಕ್ಕೆ ನಿಗದಿಯಾಗಿತ್ತು. ಅದಕ್ಕೆ ಕೆಲವೇ ದಿನ ಮೊದಲು ಸ್ಪಾರಿಂಗ್ ಜೊತೆಗಾರನ ಮೊಣಕೈ ತಗುಲಿ ಫೋರ್‌ಮನ್ ಅವರ ಬಲಗಣ್ಣಿನ ಮೇಲೆ ಚರ್ಮ ಸೀಳಿತು. ಪಂದ್ಯ ಅಕ್ಟೋಬರ್ 30ಕ್ಕೆ ಹೋಯಿತು. ಪಂದ್ಯದ ಜೊತೆಗೆಂದೇ ಏರ್ಪಡಿಸಿದ್ದ ದೊಡ್ಡ ಸಂಗೀತೋತ್ಸವ ಮಾತ್ರ ಮೊದಲೇ ಗೊತ್ತುಮಾಡಿದ ದಿನಗಳಲ್ಲಿ, ಪಂದ್ಯವಿಲ್ಲದೆಯೇ ನಡೆದುಹೋಯಿತು. ಪಂದ್ಯಕ್ಕಾಗಿ ಸಮುದ್ರ ದಾಟಿ ಬಂದ ಪ್ರೇಕ್ಷಕರ ಸ್ಥಿತಿಯನ್ನು ನೀವು ಊಹಿಸಬಹುದು. ಕೊನೆಗೆ ಅಮೆರಿಕದ ವೀಕ್ಷಕರ ಅನುಕೂಲಕ್ಕಾಗಿ ಕಿನ್ಶಾಸಾದ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಪಂದ್ಯ ಶುರುವಾಗಿ, ಎಂಟನೆಯ ಸುತ್ತಿನಲ್ಲಿ ಅಲಿ ಗೆದ್ದರು. ಇತ್ತೀಚಿನ ಟೈಸನ್ ಫ್ಯೂರಿ ಮತ್ತು ಒಲೆಕ್ಸಾಂಡರ್ ಉಸಿಕ್ ಪಂದ್ಯದ ಕಥೆಯೂ ಹೀಗೆಯೇ. 2024ರ ಫೆಬ್ರವರಿ 17ಕ್ಕೆ ರಿಯಾದ್‌ನಲ್ಲಿ ನಡೆಯಬೇಕಿದ್ದದ್ದು ಸ್ಪಾರಿಂಗ್‌ನಲ್ಲಿ ಫ್ಯೂರಿಯ ಕಣ್ಣಿನ ಮೇಲಾದ ಗಾಯದಿಂದ ಮೇ 18ಕ್ಕೆ ಹೋಯಿತು. ನಮ್ಮ ವಿಜೇಂದರ್ ಸಿಂಗ್ ಅವರು 2019ರಲ್ಲಿ ಅಮೆರಿಕದಲ್ಲಿ ಆಡಬೇಕಿದ್ದ ಮೊದಲ ಪಂದ್ಯವೂ ಕಣ್ಣಿನ ಬಳಿಯ ಗಾಯದಿಂದಲೇ ತಡವಾಯಿತು.

ಇನ್ನು ನಿಮ್ಮ ಗೆಳೆಯರ ಅನುಮಾನ. ಅದು ಪೂರ್ತಿ ಹುರುಳಿಲ್ಲದ್ದಲ್ಲ. ಚಿಕ್ಕ ಸಂಘಟಕರ ಕಾರ್ಯಕ್ರಮಗಳಲ್ಲಿ ಕುರ್ಚಿ ತುಂಬದ ಕಾರಣ ದಿನಾಂಕ ಬದಲಾಗುವುದುಂಟು. ಆದರೆ ದೊಡ್ಡ ಪಂದ್ಯಗಳ ಹಣದ ಲೆಕ್ಕ ಬೇರೆ. 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ನಡೆದ ಮೇವೆದರ್ ಮತ್ತು ಪ್ಯಾಕಿಯಾವೊ ಪಂದ್ಯದ ಟಿಕೆಟ್‌ಗಳಿಂದಲೇ 7.2 ಕೋಟಿ ಡಾಲರ್ ಬಂತು. ಅದು ಆ ಕಾಲಕ್ಕೆ ದಾಖಲೆ. ಆದರೂ ಮನೆಯಲ್ಲಿ ಕೂತು ದುಡ್ಡು ಕೊಟ್ಟು ನೋಡಿದವರ ಖರೀದಿ ಅಮೆರಿಕದಲ್ಲಿ 46 ಲಕ್ಷ ದಾಟಿ, ಟಿಕೆಟ್ ಹಣವನ್ನು ಎಷ್ಟೋ ಪಟ್ಟು ಮೀರಿಸಿತು. ಅದೇ ಪಂದ್ಯದ ಟಿಕೆಟ್‌ಗಳಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದದ್ದು ಅತ್ಯಲ್ಪ ಭಾಗ. ಉಳಿದವು ಹೋಟೆಲ್, ಸಂಘಟಕರು ಮತ್ತು ಬಾಕ್ಸರ್‌ಗಳ ಬಳಗಕ್ಕೆ ಹಂಚಿಕೆಯಾಗಿದ್ದವು, ಮಾರಾಟಕ್ಕಿಟ್ಟವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದವು. ಸಾಮಾನ್ಯ ಅಭಿಮಾನಿಯನ್ನು ಇಷ್ಟು ಕಡೆಗಣಿಸುವುದು ನನಗೆ ಇಂದಿಗೂ ಒಪ್ಪಿಗೆಯಾಗದ ವಿಚಾರ. ಅದೇನೇ ಇರಲಿ, ಮುಖ್ಯ ಆದಾಯ ಪ್ರಸಾರದಿಂದ ಬರುವಾಗ ಕೆಲವು ಸಾಲು ಖಾಲಿ ಉಳಿದವೆಂದು ಇಡೀ ಪಂದ್ಯವನ್ನು ಮುಂದೂಡುವುದು ಸಂಘಟಕರಿಗೆ ಲಾಭದ ಮಾತಲ್ಲ. ಪ್ರಚಾರದ ಖರ್ಚು, ಕ್ರೀಡಾಂಗಣದ ಬಾಡಿಗೆ, ಪ್ರಸಾರದ ಒಪ್ಪಂದ ಎಲ್ಲವನ್ನೂ ಮತ್ತೆ ಮಾಡಿಕೊಳ್ಳಬೇಕಾಗುತ್ತದೆ.

ಮುಂದೂಡಿದರೆ ಜನ ಬರುವುದಿಲ್ಲ ಎಂದೂ ಇಲ್ಲ. ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಪಂದ್ಯ 2024ರ ಜುಲೈ 20ಕ್ಕೆ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ನಿಗದಿಯಾಗಿತ್ತು. ಮೇ ತಿಂಗಳ ಕೊನೆಯಲ್ಲಿ ವಿಮಾನದಲ್ಲಿ ಹೋಗುತ್ತಿದ್ದಾಗ ಟೈಸನ್ ಅವರಿಗೆ ಹೊಟ್ಟೆಯ ಹುಣ್ಣು ಉಲ್ಬಣಿಸಿತು. ಪಂದ್ಯವನ್ನು ನವೆಂಬರ್ 15ಕ್ಕೆ ಹಾಕಿದರು, ಅದೇ ಕ್ರೀಡಾಂಗಣದಲ್ಲಿ. ಮೊದಲು ಕೊಂಡ ಟಿಕೆಟ್‌ಗಳು ಹೊಸ ದಿನಾಂಕಕ್ಕೂ ನಡೆಯುತ್ತವೆ, ಬರಲಾಗದವರು ಕೊಂಡ ಕಡೆಯಲ್ಲೇ ಹಣ ವಾಪಸ್ ಪಡೆಯಬಹುದು ಎಂದು ತಿಳಿಸಿದರು. ಆ ದಿನ 70 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಆದರೆ ಜಾಗವೂ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಅಲಿ ಮತ್ತು ಸನ್ನಿ ಲಿಸ್ಟನ್ ಅವರ ಎರಡನೆಯ ಪಂದ್ಯವನ್ನು ನೋಡಬೇಕು. 1964ರ ನವೆಂಬರ್ 16ರಂದು ಬಾಸ್ಟನ್‌ನಲ್ಲಿ ಅದು ನಡೆಯಬೇಕಿತ್ತು. ಮೂರು ದಿನ ಮೊದಲು ಅಲಿಗೆ ಹರ್ನಿಯಾ ಕಾಣಿಸಿಕೊಂಡು ತುರ್ತು ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಬಾಸ್ಟನ್‌ನಲ್ಲಿ ಕಾನೂನಿನ ತಕರಾರು ಎದ್ದು, ಪಂದ್ಯ ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನ ಐಸ್ ಹಾಕಿ ಅಂಗಳಕ್ಕೆ ಹೋಯಿತು. 1965ರ ಮೇ 25ರಂದು ವಿಶ್ವ ಹೆವಿವೇಟ್ ಪಟ್ಟದ ಆ ಪಂದ್ಯವನ್ನು ಅಲ್ಲಿ ಕೂತು ನೋಡಿದವರು 2,434 ಜನ. ಇನ್ನು ಮುಂದೂಡಿಕೆಯೇ ರದ್ದತಿಯಾದದ್ದೂ ಇದೆ: ಫ್ಯೂರಿ ಮತ್ತು ಕ್ಲಿಚ್ಕೊ ಅವರ ಮರುಪಂದ್ಯ 2016ರ ಜುಲೈ 9ರಿಂದ ಕಣಕಾಲಿನ ಉಳುಕಿನ ಕಾರಣ ಅಕ್ಟೋಬರ್ 29ಕ್ಕೆ ಹೋಗಿ, ಆಮೇಲೆ ನಡೆಯಲೇ ಇಲ್ಲ. ದಿನಾಂಕ ಮತ್ತು ಜಾಗ ಎರಡನ್ನೂ ನೋಡಿಯೇ ತೀರ್ಮಾನಿಸಿ ಎಂದು ನಾನು ಒತ್ತಿ ಹೇಳುವುದು ಇಂಥವನ್ನು ಗಮನದಲ್ಲಿಟ್ಟುಕೊಂಡು.

ನಮ್ಮ ಊರಿನ ಕಡೆಯ ಒಂದು ಕುಸ್ತಿಯ ದಿನ ಮಧ್ಯಾಹ್ನವೇ ಅಡ್ಡಮಳೆ ಹೊಡೆದು, ಹದ ಮಾಡಿದ್ದ ಅಖಾಡದ ಮಣ್ಣೆಲ್ಲ ಕೆಸರಾಗಿ, ಕುಸ್ತಿಯನ್ನು ಮುಂದಕ್ಕೆ ಹಾಕಿದರು. ಹೊಸನಗರದ ಕಡೆಯಿಂದ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಹಿರಿಯರೊಬ್ಬರು ಒದ್ದೆಯಾದ ಟಿಕೆಟನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಟಿಕೆಟಿನ ದುಡ್ಡು ಕೊಡ್ತೀರಿ ಸರಿ ಮಾರಾಯ್ರೇ, ಬಸ್ ಚಾರ್ಜು ಯಾರು ಕೊಡ್ತಾರೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಿಮ್ಮ ವಿಷಯದಲ್ಲಿ ಆ ಬಸ್ ಚಾರ್ಜಿನ ಜಾಗದಲ್ಲಿ ವಿಮಾನ, ಹೋಟೆಲ್ ಮತ್ತು ವೀಸಾ ಇವೆ. ಪಂದ್ಯ ಮುಂದೆ ಹೋದರೆ ಟಿಕೆಟ್ ಮಾರಿದವರು ಇವುಗಳ ಹೊಣೆ ಹೊರುವುದಿಲ್ಲ. ಆದ್ದರಿಂದ ಇಂದೇ ವಿಮಾನ ಮತ್ತು ಹೋಟೆಲ್ ಬುಕಿಂಗ್‌ನ ರದ್ದತಿಯ ಷರತ್ತುಗಳನ್ನು ನೋಡಿಕೊಳ್ಳಿ. ಅಲ್ಲಿ ಒಂದೊಂದು ದಿನ ತಡವಾದಂತೆ ಕಡಿತ ಹೆಚ್ಚಾಗಬಹುದು.

ಟಿಕೆಟ್‌ನ ಮಟ್ಟಿಗೆ, ಅಧಿಕೃತ ಮಾರಾಟಗಾರರಿಂದ ಕೊಂಡಿದ್ದರೆ ನಿಮ್ಮ ಇಮೇಲ್‌ಗೆ ಸೂಚನೆ ಬಂದಿರುತ್ತದೆ. ಹಣ ವಾಪಸ್ ಕೇಳಲು ಅದರಲ್ಲಿ ಗಡುವು ಇದ್ದರೆ, ಆ ಗಡುವು ದಾಟಿದ ಮೇಲೆ ನೀವು ಹೊಸ ದಿನಾಂಕವನ್ನು ಒಪ್ಪಿದಂತೆ ಎಂದು ಅವರು ವಾದಿಸಬಹುದು. ಹಣ ಸಾಮಾನ್ಯವಾಗಿ ಪಾವತಿ ಮಾಡಿದ ಕಾರ್ಡಿಗೇ ಮರಳುತ್ತದೆ. ಅಣ್ಣನ ಕಾರ್ಡಿನಲ್ಲಿ ಕೊಂಡಿದ್ದರೆ ಅವರ ಖಾತೆಗೇ ಹೋಗುತ್ತದೆ; ನಿಮ್ಮ ಕಾರ್ಡಿನಿಂದ ವಿದೇಶಿ ಹಣದಲ್ಲಿ ಕೊಟ್ಟಿದ್ದರೆ ವಿನಿಮಯ ದರದ ವ್ಯತ್ಯಾಸದಿಂದ ಸ್ವಲ್ಪ ಕಡಿಮೆ ಬರಬಹುದು, ಬುಕಿಂಗ್ ಶುಲ್ಕವನ್ನೂ ಹಿಡಿದುಕೊಳ್ಳಬಹುದು. ಮರುಮಾರಾಟದ ಜಾಲತಾಣದಲ್ಲಿ ಕೊಂಡಿದ್ದರೆ ಎಚ್ಚರ ಬೇಕು. ಅಂಥ ಹಲವು ತಾಣಗಳ ನಿಯಮದಲ್ಲಿ ಪಂದ್ಯ ರದ್ದಾದರೆ ಮಾತ್ರ ಹಣ ವಾಪಸ್, ಮುಂದೂಡಿದರೆ ಇಲ್ಲ ಎಂದಿರುತ್ತದೆ.

ಟಿಕೆಟ್ ಮಾರಿದ ಸಂಸ್ಥೆ ಭಾರತದಲ್ಲಿ ವ್ಯವಹಾರ ನಡೆಸುವಂಥದ್ದಾಗಿದ್ದು, ಹಣ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿ ಇತ್ಯರ್ಥವಾಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿದೆ ಎಂದು ಅಲ್ಲಿಗೆ ಓಡಬೇಕಾಗಿಲ್ಲ. ಟಿಕೆಟ್, ಪಾವತಿಯ ರಸೀದಿ, ಮುಂದೂಡಿಕೆಯ ಇಮೇಲ್ ಮತ್ತು ಕೊಳ್ಳುವಾಗ ಇದ್ದ ಷರತ್ತುಗಳ ಪುಟದ ಚಿತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಏಕೆಂದರೆ ಆ ಪುಟ ಬದಲಾಗಬಹುದು. ಹೊಸ ದಿನಾಂಕ ಬಂದು, ಜಾಗ ಅದೇ ಆಗಿದ್ದು, ಆ ವಾರ ನಿಮಗೂ ಅಣ್ಣನಿಗೂ ರಜೆ ಸಿಗುವಂತಿದ್ದರೆ ಟಿಕೆಟ್ ಇಟ್ಟುಕೊಳ್ಳಿ. ಆದರೆ ಈ ಸಲ ವಿಮಾನ ಮತ್ತು ಹೋಟೆಲ್ ಎರಡನ್ನೂ ದಿನಾಂಕ ಬದಲಿಸಲು ಬರುವ ದರದಲ್ಲೇ ಬುಕ್ ಮಾಡಿ.