ಚೆಸ್ಟ್ ಗಾರ್ಡ್ ಬಿಗಿದ ಮೇಲೆ: ಟೇಕ್ವಾಂಡೋ ಪ್ರಶ್ನೋತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಸ್ಪರ್ಧೆಗೆ ತಯಾರಾಗುತ್ತಿರುವ ಮಕ್ಕಳಿಂದ, ಅವರ ಮನೆಯವರಿಂದ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಕೇಳಿದವರ ಹೆಸರು ಹಾಕಿಲ್ಲ. ಉತ್ತರಗಳೆಲ್ಲ ಕ್ಯೋರುಗಿಯ, ಅಂದರೆ ಎದುರುಬದುರು ಆಡುವ ಪಂದ್ಯದ ಕುರಿತವು. ಪೂಮ್ಸೆಯ, ಅಂದರೆ ಎದುರಾಳಿಯಿಲ್ಲದೆ ಮಾಡಿ ತೋರಿಸುವ ವರಸೆಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇವೆ.

ನಾವು ಆರು ಮಂದಿ ಅದೀವ್ರಿ. ತೂಕ 38 ಕೆ.ಜಿ.ಯಿಂದ 62ರ ತನಕ. ಮ್ಯಾಟ್ ಒಂದೇ. ಸರ್ ವಾರಕ್ಕ ಮೂರು ದಿನ ಬರ್ತಾರ, ಉಳಿದ ದಿನ ನಾವೇ ಸ್ಪಾರಿಂಗ್ ಮಾಡ್ತೀವಿ. ಆದ್ರ ಅದು ಜಗಳಕ್ಕ ಹೋಗಿ ನಿಲ್ಲತದ. ಹ್ಯಾಂಗ ಮಾಡಬೇಕ್ರಿ?
— ಆರು ಗೆಳೆಯರು, ಕಲಬುರಗಿ

ಮೊದಲ ಮಾತು: ಸರ್ ಇಲ್ಲದ ದಿನ ತಲೆಗೆ ಒದೆಯುವುದು ಬೇಡವೇ ಬೇಡ. ಎದೆಯ ಮಟ್ಟದ ಆಟ ಮಾತ್ರ. ಈ ಒಂದು ಕಟ್ಟು ಹಾಕಿಕೊಂಡರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಆರು ಜನ ಅಂದರೆ ಕಡಿಮೆಯಲ್ಲ, ಒಂದು ಪಂದ್ಯಕ್ಕೆ ಬೇಕಾದ ಎಲ್ಲರೂ ನಿಮ್ಮಲ್ಲೇ ಇದ್ದಾರೆ. ಇಬ್ಬರು ಆಡಲಿ. ಇಬ್ಬರು ತಲಾ ಒಂದು ಮೂಲೆಯಲ್ಲಿ ಕೋಚ್ ಕುರ್ಚಿಯಲ್ಲಿ ಕೂಡಲಿ. ಒಬ್ಬ ರೆಫರಿ, ಒಬ್ಬ ಗಡಿಯಾರ ಹಿಡಿದು ಅಂಕ ಬರೆಯುವವ. ಎರಡು ನಿಮಿಷದ ಆಟ, ಒಂದು ನಿಮಿಷ ವಿಶ್ರಾಂತಿ. ಒಬ್ಬನೇ ಸತತ ಮೂರು ಸುತ್ತು ಮ್ಯಾಟ್ ಮೇಲೆ ಉಳಿಯಲಿ, ಎದುರಾಳಿ ಮಾತ್ರ ಪ್ರತಿ ಸುತ್ತಿಗೆ ಬದಲಾಗಲಿ. ಮೂರನೇ ಸುತ್ತಿಗೆ ದಣಿದವನ ಮುಂದೆ ತಾಜಾ ಕಾಲು ಬಂದು ನಿಲ್ಲುತ್ತದೆ, ಕಲಿಯುವುದು ಅಲ್ಲೇ. ಹೀಗೆ ಆರೂ ಜನರ ಸರದಿ ಮುಗಿಯಲು 18 ಸುತ್ತು, 54 ನಿಮಿಷ ಬೇಕು. ಎದುರಾಳಿಯಾಗುವ ಸರದಿಯನ್ನೂ ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಆರಾರು ಸುತ್ತು ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಡ.

ತೂಕದಲ್ಲಿ ಎಂಟು-ಹತ್ತು ಕಿಲೋ ಅಂತರವಿದ್ದರೆ ಮುಕ್ತ ಆಟ ಸಲ್ಲದು, ಕೆಲಸ ಹಂಚಿಕೊಂಡು ಆಡಿ. 62 ಕಿಲೋದವನು ಬರೀ ದೂರ ಕಾಯಬೇಕು: ಹಿಂದೆ ಸರಿಯುವುದು, ಪಕ್ಕಕ್ಕೆ ಜಾರುವುದು, ಮುಂಗಾಲು ಎತ್ತಿ ತಡೆಯುವುದು. 38 ಕಿಲೋದವನು ಒಳನುಗ್ಗಿ ಒದೆಯಬೇಕು. ಚಿಕ್ಕವನಿಗೆ ಉದ್ದ ಕಾಲಿನವನ ಒಳಗೆ ಹೋಗುವ ದಾರಿ ಸಿಗುತ್ತದೆ, ದೊಡ್ಡವನಿಗೆ ಬಲ ಬಳಸದೆ ಉಳಿಯುವುದು ಗೊತ್ತಾಗುತ್ತದೆ. ಇದರಲ್ಲಿ ನಷ್ಟ ಯಾರಿಗೂ ಇಲ್ಲ, ದೊಡ್ಡವನ ಜಂಬಕ್ಕೆ ಮಾತ್ರ.

ಜಗಳ ಹುಟ್ಟುವುದು ಹೀಗೆ: ಒಬ್ಬನ ಒದೆತಕ್ಕೆ ಇನ್ನೊಬ್ಬ ಸ್ವಲ್ಪ ಜೋರಾಗಿ ಉತ್ತರ ಕೊಡುತ್ತಾನೆ, ಅದಕ್ಕೆ ಇವನು ಇನ್ನೂ ಜೋರಾಗಿ. ಯಾರೂ ಬೇಕೆಂದು ಮಾಡುವುದಿಲ್ಲ. ಸದ್ದು ಏರಿದ್ದು ಕೇಳಿದ ಕೂಡಲೇ ರೆಫರಿ 'ಕಲ್ಯೋ', ಅಂದರೆ 'ಬಿಡಿ', ಅನ್ನಬೇಕು, ಇಬ್ಬರೂ ತಮ್ಮ ಜಾಗಕ್ಕೆ ಹಿಂತಿರುಗಬೇಕು. ಒಂದೇ ಸುತ್ತಿನಲ್ಲಿ ಮೂರು ಸಲ ಹೀಗಾದರೆ ಆ ಸುತ್ತು ಮುಗಿಯಿತು, ವಾದ ಇಲ್ಲ.

ಕೋಚ್ ಕುರ್ಚಿಯ ಕೆಲಸವನ್ನು ಆಟ ಅಂದುಕೊಳ್ಳಬೇಡಿ. ಸಿಗುವುದು 60 ಸೆಕೆಂಡು. ಮೊದಲ ಇಪ್ಪತ್ತು ಸೆಕೆಂಡು ಮೌತ್ ಗಾರ್ಡ್ ತೆಗೆದು ಉಸಿರು, ಎರಡು ಗುಟುಕು ನೀರು. ಮುಂದಿನ ಇಪ್ಪತ್ತರಲ್ಲಿ ಒಂದೇ ಒಂದು ಮಾತು: 'ಅವ ಮುಂಗಾಲು ಎತ್ತಿದಾಗ ಬಲಕ್ಕ ಸರಿ' ಅನ್ನುವಂಥದ್ದು. ಎರಡು ಹೇಳಿದರೆ ಆಡುವವ ಎರಡನ್ನೂ ಮರೆಯುತ್ತಾನೆ. ಕೊನೆಯ ಇಪ್ಪತ್ತು ಸೆಕೆಂಡು ಸುಮ್ಮನೆ. ಪಕ್ಕದಲ್ಲಿ ನಿಂತು 'ಹೊಡಿ ಹೊಡಿ' ಎಂದು ಕೂಗುವುದನ್ನು ದೊಡ್ಡವರೂ ಬಿಡಬೇಕು.

ಒಂದೇ ಗುಂಪಿನವರು ತಿಂಗಳುಗಟ್ಟಲೆ ಆಡಿದರೆ ಒಬ್ಬರ ಒದೆತ ಇನ್ನೊಬ್ಬರಿಗೆ ಬಾಯಿಪಾಠವಾಗಿರುತ್ತದೆ. ಎದುರಾಳಿಯನ್ನು ನೋಡಿ ಆಡುವುದರ ಬದಲು ನೆನಪಿನಿಂದ ಆಡುತ್ತೀರಿ; ಹೊರಗಿನವ ಎದುರಾದಾಗ ಮೊದಲ ಸುತ್ತೇ ಹೋಗುತ್ತದೆ. ವಾರಕ್ಕೊಂದು ದಿನ ಎಲ್ಲರೂ ಎಡಗಾಲು-ಬಲಗಾಲು ಅದಲುಬದಲು ಮಾಡಿ ನಿಂತು ಆಡಿ. ತಿಂಗಳಿಗೊಂದು ಭಾನುವಾರ ಬೇರೆ ಕ್ಲಬ್ಬಿನವರನ್ನು ಸೇರಿಸಿಕೊಳ್ಳಿ. ಬೀದರಿನವರೂ ನೀವೂ ಕೂಡುವುದಾದರೆ ಹುಮನಾಬಾದ್ ಇಬ್ಬರಿಗೂ ನಡುವೆಯೇ ಬರುತ್ತದೆ.

ಎದುರಾಳಿಯ ಎದೆಗೆ ಧಪ್ ಅಂತ ಸದ್ದು ಬರುವಂಗ ಒದ್ದೆ, ಬೋರ್ಡಿನ್ಯಾಗ ಅಂಕ ಬರಲಿಲ್ಲ. ಮಶೀನ್ ಕೆಟ್ಟಿತ್ತಾ? ನಮ್ಮ ಕ್ಲಬ್ಬಿನ್ಯಾಗ ಎಲೆಕ್ಟ್ರಾನಿಕ್ ಗಾರ್ಡ್ ಇಲ್ಲ.
— 15 ವರ್ಷದ ಆಟಗಾರ, ಶಹಾಪುರ

ಮಶೀನಿನ ಮೇಲೆ ಹಾಕುವ ಮುಂಚೆ ನಿನ್ನ ಪಾದ ನೋಡಿಕೊ ತಮ್ಮಾ. ಒಲಿಂಪಿಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ಚೆಸ್ಟ್ ಗಾರ್ಡ್ ಬಂದದ್ದು 2012ರ ಲಂಡನ್‌ನಲ್ಲಿ, ಹೆಡ್ ಗಾರ್ಡ್ 2016ರ ರಿಯೋದಲ್ಲಿ. ಅಲ್ಲಿಂದ ಸದ್ದಿಗೆ ಬೆಲೆ ಹೋಯಿತು. ಗಾರ್ಡ್ ಎರಡು ಸಂಗತಿ ನೋಡುತ್ತದೆ: ವಿಶೇಷ ಕಾಲ್ಚೀಲದಲ್ಲಿ ಹೊಲಿದಿರುವ ಸೆನ್ಸರ್ ಭಾಗ ತಾಗಿತೇ, ತಾಗಿದ ಬಲ ನಿನ್ನ ತೂಕದ ವಿಭಾಗಕ್ಕೆ ಇಟ್ಟ ಮಟ್ಟ ಮುಟ್ಟಿತೇ. ಎರಡೂ ಕೂಡಿದರೆ ಮಾತ್ರ ಅಂಕ.

ಹೆಚ್ಚಾಗಿ ತಪ್ಪುವುದು ದೂರದ ಲೆಕ್ಕ. ತೀರಾ ಹತ್ತಿರ ನಿಂತು ದೊಲ್ಯೊ ಚಾಗಿ, ಅಂದರೆ ಬದಿಯಿಂದ ಬೀಸುವ ಒದೆತ, ಒದ್ದರೆ ತಾಗುವುದು ಮೊಣಕಾಲ ಕೆಳಗಿನ ಎಲುಬು. ಸದ್ದು ಜೋರಾಗಿಯೇ ಬರುತ್ತದೆ, ಆದರೆ ಅಲ್ಲಿ ಸೆನ್ಸರ್ ಇಲ್ಲ. ತೀರಾ ದೂರ ನಿಂತರೆ ಬೆರಳ ತುದಿ ಸವರಿ ಹೋಗುತ್ತದೆ, ಬಲ ಸಾಲದು. ಮೂರನೆಯದು ಸಡಿಲ ಪಾದ. ಹಿಮ್ಮಡಿ ಹಿಂದಕ್ಕೆಳೆದು, ಬೆರಳು ಮುಂದಕ್ಕೆ ಚಾಚಿ, ಪಾದದ ಮೇಲ್ಭಾಗ ಚಪ್ಪಟೆಯಾಗಿ ಗಟ್ಟಿ ನಿಲ್ಲಬೇಕು. ಗೆಣ್ಣು ಅಲುಗಿದರೆ ಬಲ ಅಲ್ಲೇ ಸೋರುತ್ತದೆ. ಇನ್ನು ಕಾಲ್ಚೀಲ ಒಂದು ಸೈಜು ದೊಡ್ಡದಾದರೆ ಸೆನ್ಸರ್ ಪಕ್ಕಕ್ಕೆ ಹೊರಳಿರುತ್ತದೆ. ಪ್ರತಿ ಸುತ್ತಿಗೆ ಮುಂಚೆ ಎಳೆದು ಸರಿಮಾಡಿಕೊ.

ಎಲೆಕ್ಟ್ರಾನಿಕ್ ಗಾರ್ಡ್ ಇಲ್ಲದಿದ್ದರೂ ಅಭ್ಯಾಸ ನಿಲ್ಲಬೇಕಿಲ್ಲ. ಬ್ಲ್ಯಾಕ್‌ಬೋರ್ಡಿನ ಚಾಕ್ ಪುಡಿ ಮಾಡಿ, ನೀರಲ್ಲಿ ಕಲಸಿ, ಪಾದದ ಮೇಲ್ಭಾಗಕ್ಕೆ ತೆಳ್ಳಗೆ ಬಳಿದುಕೊ. ಸುಣ್ಣ ಬೇಡ, ಚರ್ಮ ಸುಡುತ್ತದೆ. ಗೆಳೆಯ ನೀಲಿ ಅಥವಾ ಕೆಂಪು ಗಾರ್ಡ್ ತೊಟ್ಟು ನಿಲ್ಲಲಿ, ಪ್ರತಿ ಕಾಲಿಗೆ ಹತ್ತು ಒದೆತ. ಗುರುತು ಅಗಲವಾಗಿ ಬಿದ್ದರೆ ಪಾದ ಸರಿ ಕೂತಿದೆ. ಸಣ್ಣ ಚುಕ್ಕೆಯಾದರೆ ಬೆರಳು ಮಾತ್ರ ತಾಗಿದೆ, ಗುರುತೇ ಇಲ್ಲದೆ ಸದ್ದು ಬಂದಿದ್ದರೆ ಎಲುಬು. ಗೆಳೆಯ ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ ಸರಿಯುತ್ತ ಇರಲಿ. ನಿಂತ ಗೋಡೆಗೆ ಒದೆಯುವುದು ಯಾರಿಗಾದರೂ ಬರುತ್ತದೆ.

ಅಂಕಗಳೂ ನೆನಪಿರಲಿ: ಎದೆಗೆ ಗುದ್ದಿದರೆ 1, ಒದ್ದರೆ 2, ಮೈ ತಿರುಗಿಸಿ ಒದ್ದರೆ 4, ತಲೆಗೆ ಒದ್ದರೆ 3, ತಿರುಗಿ ಒದ್ದರೆ 5. ಗುದ್ದಿನ ಅಂಕ ಕೊಡುವುದು ಮಶೀನ್ ಅಲ್ಲ, ಮೂಲೆಯ ತೀರ್ಪುಗಾರರು. ಬಿದ್ದರೆ, ಗೆರೆ ದಾಟಿದರೆ, ಹಿಡಿದರೆ, ಸೊಂಟದ ಕೆಳಗೆ ಒದ್ದರೆ 'ಗಮ್ ಜೊಮ್', ಎದುರಾಳಿಗೆ 1 ಅಂಕ. ಒಂದು ಸುತ್ತಿನಲ್ಲಿ ಐದು ಗಮ್ ಜೊಮ್ ಆದರೆ ಆ ಸುತ್ತು ಹೋಯಿತು. ಮೂರರಲ್ಲಿ ಎರಡು ಸುತ್ತು ಗೆದ್ದವನು ಪಂದ್ಯ ಗೆಲ್ಲುವ ಪದ್ಧತಿಯಲ್ಲಿ ಇದು ಸಣ್ಣ ಪೆಟ್ಟಲ್ಲ.

ಮಗಳಿಗೆ 15 ವರ್ಷ, ತೂಕ 48.7 ಕೆ.ಜಿ. 46ರ ಒಳಗೆ ಆಡಿದರೆ ಪದಕ ಖಚಿತ ಎನ್ನುತ್ತಿದ್ದಾರೆ. ಮೂರು ವಾರ ಇದೆ. ರಾತ್ರಿ ಊಟ ಬಿಡಿಸಿದ್ದೇವೆ. ಸರಿಯೇ?
— ತಂದೆ, ಬೀದರ್

ಸರಿಯಲ್ಲ. ಇಂದು ರಾತ್ರಿಯಿಂದಲೇ ಊಟ ಕೊಡಿ. 2.7 ಕಿಲೋ ಅಂದರೆ ಅವಳ ಮೈತೂಕದ ನೂರಕ್ಕೆ ಐದೂವರೆ ಪಾಲು. ಬೆಳೆಯುವ ವಯಸ್ಸಿನ, ಕೊಬ್ಬು ಕಡಿಮೆಯಿರುವ ಹುಡುಗಿಯಲ್ಲಿ ಅದು ಹೋಗುವುದು ಮಾಂಸಖಂಡದಿಂದ ಮತ್ತು ನೀರಿನಿಂದ. ಮೈತೂಕದ ನೂರಕ್ಕೆ ಎರಡರಷ್ಟು ನೀರು ಇಳಿದರೂ ಆಟದ ಕಸುವು ಕುಗ್ಗುತ್ತದೆ. ಹೀಗೆ ಊಟ ಕಡಿಮೆಯಾಗಿ ಮುಟ್ಟು ನಿಂತರೆ ಅದನ್ನು ಎಲುಬಿಗೆ ಬಂದ ಅಪಾಯವೆಂದೇ ತಿಳಿದು ವೈದ್ಯರಿಗೆ ತೋರಿಸಬೇಕು. ಜೂನಿಯರ್ ಹುಡುಗಿಯರಿಗೆ 46ರ ಮೇಲೆ, 49ರ ಒಳಗಿನ ವಿಭಾಗ ಇದೆ. ನಿಮ್ಮ ಮಗಳು ಅದರಲ್ಲೇ ಇದ್ದಾಳೆ, ಅಲ್ಲೇ ಆಡಲಿ. ಶಾಲಾ ಕ್ರೀಡಾಕೂಟವಾದರೆ ಸುತ್ತೋಲೆಯಲ್ಲಿ ಕೊಟ್ಟ ತೂಕವನ್ನೇ ನೋಡಿ.

48.7 ಇದ್ದಾಗ ಗಡಿಗೆ ಉಳಿದದ್ದು 300 ಗ್ರಾಂ. ಮಧ್ಯಾಹ್ನದ ಊಟವಾದ ಮೇಲೆ ತೂಗಿದರೆ ದಾಟಿರುತ್ತದೆ. ಆದ್ದರಿಂದ ತೂಗುವುದು ಬೆಳಿಗ್ಗೆ ಎದ್ದು ಶೌಚ ಮುಗಿಸಿದ ಮೇಲೆ, ಅದೇ ತಕ್ಕಡಿಯಲ್ಲಿ, ವಾರಕ್ಕೆ ಮೂರು ಸಲ. ತೂಕ ನೋಡುವ ದಿನಕ್ಕೆ ಎರಡು ದಿನ ಮುಂಚೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆಕಾಳು ಇಳಿಸಿ ಬಿಳಿ ಅನ್ನ, ಮೊಸರು, ಮೊಟ್ಟೆ, ತಿಳಿ ಬೇಳೆಗೆ ಬನ್ನಿ. ನಾರು ಕಡಿಮೆಯಾದರೆ ಕರುಳಿನಲ್ಲಿ ನಿಲ್ಲುವ ಭಾರ ಇಳಿಯುತ್ತದೆ, ಹಸಿವೆಯಿಂದ ಇರಬೇಕಿಲ್ಲ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ಆ ಎರಡು ದಿನ ಬೇಡ. ಉಪ್ಪು ನೀರನ್ನು ಹಿಡಿದಿಡುತ್ತದೆ. ತೂಕ ಮುಗಿದ ಕೂಡಲೇ ಬಾಳೆಹಣ್ಣು, ಮೊಸರನ್ನ, ಮರುದಿನಕ್ಕೆ ಮತ್ತೆ ಮನೆಯ ಊಟ.

ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿಸುವುದು, ಉಗುಳಿಸಿ ನೀರಿಳಿಸುವುದು ಬೇಡ. ನೀರಿಳಿಸುವ ಮಾತ್ರೆಗಳಂತೂ ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ 'ವಾಡಾ'ದ ನಿಷೇಧಿತ ಪಟ್ಟಿಯಲ್ಲಿವೆ. ಕೊಟ್ಟವರು ಯಾರೇ ಇರಲಿ, ಸಿಕ್ಕಿಬೀಳುವುದು ಮಗಳು.

ಸ್ಪರ್ಧೆಯ ದಿನಕ್ಕೆ ನನಗೆ 14 ತುಂಬಿರುವುದಿಲ್ಲ, ಡಿಸೆಂಬರ್‌ನಲ್ಲಿ ತುಂಬುತ್ತದೆ. ಕೆಡೆಟ್‌ನಲ್ಲಿ ಮುಂದಿನ ವರ್ಷವೂ ಆಡಬಹುದೇ?
— ವಿದ್ಯಾರ್ಥಿ, ಸುರಪುರ

ಆಗದು. ವರ್ಲ್ಡ್ ಟೇಕ್ವಾಂಡೋ ನಿಯಮದಲ್ಲಿ ಹುಟ್ಟಿದ ವರ್ಷವೊಂದೇ ಲೆಕ್ಕ, ತಿಂಗಳು-ದಿನ ಇಲ್ಲ. ಆ ವರ್ಷದಲ್ಲಿ 12ರಿಂದ 14 ಆಗುವವರು ಕೆಡೆಟ್, 15ರಿಂದ 17 ಜೂನಿಯರ್. ನೀನು ಮುಂದಿನ ಜನವರಿಯಿಂದಲೇ ಜೂನಿಯರ್. ಈಗಿನಿಂದ ದೊಡ್ಡವರ ಜೊತೆ ಆಡಿ ರೂಢಿ ಮಾಡಿಕೊ.

ನಮ್ಮ ಹಾಲಿಗೆ ತಗಡಿನ ಚಾವಣಿ. ಏಪ್ರಿಲ್-ಮೇದಾಗ ಸಂಜಿ ಐದಕ್ಕ ಪ್ರಾಕ್ಟೀಸ್ ಇಟ್ರ ಹುಡುಗ್ರು ತಲಿ ತಿರುಗಿ ಕೂಡ್ತಾರ. ಏನ್ ಮಾಡೋದು?
— ತರಬೇತುದಾರರು, ಯಾದಗಿರಿ

ಸಮಯವನ್ನೇ ಬದಲಿಸಿ. ಬಯಲು ಆರಿದರೂ ತಗಡಿನ ಕೆಳಗೆ ಕಾವು ಇರುತ್ತದೆ. ಬೆಳಿಗ್ಗೆ ಐದೂವರೆಯಿಂದ ಏಳು ಸಾಕು. ಬಿಸಿಲು ಏರಿದ ಮೊದಲ ಹತ್ತು ದಿನ ಪೂರ್ತಿ ಗಾರ್ಡ್ ತೊಡಿಸದೆ ಪ್ಯಾಡಲ್ (ಜೊತೆಗಾರ ಕೈಯಲ್ಲಿ ಹಿಡಿಯುವ ಪ್ಯಾಡ್) ಒದೆತ, ಹೆಜ್ಜೆ ಅಭ್ಯಾಸ ಮಾತ್ರ ಮಾಡಿಸಿ. ಮೈ ಬಿಸಿಗೆ ಒಗ್ಗಿದ ಮೇಲೆ ಗಾರ್ಡ್.

ಪ್ರತಿ ಹದಿನೈದು-ಇಪ್ಪತ್ತು ನಿಮಿಷಕ್ಕೆ ಅರ್ಧ ಲೋಟಕ್ಕಿಂತ ತುಸು ಹೆಚ್ಚು ನೀರು. ಅಭ್ಯಾಸಕ್ಕೆ ಮುಂಚೆ, ಆಮೇಲೆ ತೂಗಿ ನೋಡಿ: ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ಅದಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿಯಬೇಕು, ಒಮ್ಮೆಗೇ ಅಲ್ಲ, ಮುಂದಿನ ಕೆಲವು ಗಂಟೆಗಳಲ್ಲಿ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಓಆರ್‌ಎಸ್ ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣಳತೆಯಲ್ಲಿ ಉಪ್ಪು ಸುರಿಯಬೇಡಿ.

ತಲೆ ತಿರುಗಿದರೆ ನೆರಳಲ್ಲಿ ಮಲಗಿಸಿ ಕಾಲು ಎತ್ತರಿಸಿ. ಆದರೆ ಮಾತು ತೊದಲಿದರೆ, ಸಂಬಂಧವಿಲ್ಲದ ಉತ್ತರ ಕೊಟ್ಟರೆ, ನಡಿಗೆ ತಪ್ಪಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿಸುತ್ತಲೇ ಗಾರ್ಡ್, ಡೋಬೋಕ್ (ಆಟದ ಉಡುಪು) ಬಿಚ್ಚಿ ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕಿ. ಗಾಡಿ ಬರಲಿ ಎಂದು ಕಾಯುತ್ತ ಕೂಡಬಾರದು.

ನಾನೂ ನನ್ನ ಗೆಳತಿಯೂ ಇಬ್ಬರೂ 44ರ ಒಳಗಿನ ವಿಭಾಗ. ಗೆದ್ದವಳಷ್ಟೇ ಮುಂದೆ ಹೋಗುತ್ತಾಳೆ. ಈಗಲೇ ಮಾತು ಕಡಿಮೆಯಾಗಿದೆ.
— ಆಟಗಾರ್ತಿ, ಬಸವಕಲ್ಯಾಣ

ನಿಮ್ಮಿಬ್ಬರಲ್ಲಿ ಯಾರನ್ನೂ ಕೆಳಗಿನ ತೂಕಕ್ಕೆ ತಳ್ಳುವುದು ಬೇಡ. ಒಬ್ಬಳ ತೂಕ ತಾನಾಗಿಯೇ 44ರ ಅಂಚಿಗೆ ಬಂದಿದ್ದರೆ ಮೇಲಿನ ವಿಭಾಗಕ್ಕೆ ಹೋಗುವುದು ಜಾಣತನ, ಆಗ ತೂಕದ ತಲೆನೋವೂ ಇರುವುದಿಲ್ಲ. ಅದಾಗದಿದ್ದರೆ ಕೊನೆಯ ಎರಡು ವಾರ ನೀವಿಬ್ಬರೂ ಮುಕ್ತ ಸ್ಪಾರಿಂಗ್ ಆಡಬೇಡಿ. ಆಡಿದರೆ ಇಬ್ಬರೂ ಒಳ್ಳೆಯ ಒದೆತವನ್ನು ಮುಚ್ಚಿಟ್ಟು ಅರೆಮನಸ್ಸಿನಿಂದ ಆಡುತ್ತೀರಿ, ಅಥವಾ ಗಾಯ ಮಾಡಿಕೊಳ್ಳುತ್ತೀರಿ. ಪ್ಯಾಡಲ್ ಹಿಡಿಯುವುದು, ಓಡುವುದು, ಮೈ ಸಡಿಲಿಸುವುದು ಎಂದಿನಂತೆ ಜೊತೆಯಲ್ಲೇ ನಡೆಯಲಿ.

ಎದುರಾದ ದಿನ ನಿಮ್ಮ ಸರ್ ಯಾರ ಕುರ್ಚಿಯಲ್ಲೂ ಕೂಡಬಾರದು. ಇಬ್ಬರಿಗೂ ಒಬ್ಬೊಬ್ಬ ಹಿರಿಯ ಆಟಗಾರ್ತಿ ಕೂಡಲಿ. ಇದನ್ನು ಸರ್‌ಗೆ ಈಗಲೇ ಹೇಳಿ. ಡ್ರಾ ಬಂದ ಮೇಲೆ ಹೇಳಿದರೆ ಪಕ್ಷಪಾತದ ಮಾತು ಹುಟ್ಟುತ್ತದೆ. ಸೋತವಳು ಮರುದಿನದಿಂದ ಗೆದ್ದವಳ ಸ್ಪಾರಿಂಗ್ ಜೊತೆಗಾರ್ತಿ. ಅದೇ ತೂಕ, ಅದೇ ವೇಗದ ಇನ್ನೊಬ್ಬಳು ಬಸವಕಲ್ಯಾಣದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮಗನಿಗೆ ತಲೆಗೆ ಒದೆತ ಬಿತ್ತು. ಹೆಡ್ ಗಾರ್ಡ್ ಇತ್ತು. ಸಂಜೆ ಒಮ್ಮೆ ವಾಂತಿ ಆಯಿತು, ಈಗ ಆರಾಮ ಇದ್ದಾನೆ. ನಾಳೆ ಕಳಿಸಲೇ?
— ತಾಯಿ, ಸೇಡಂ

ಕಳಿಸಬೇಡಿ ತಾಯಿ. ಹೆಡ್ ಗಾರ್ಡ್ ಗಾಯ, ಬಾವು ತಡೆಯುತ್ತದೆ; ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ವಾಂತಿ ಆಗಿದೆ ಅಂದರೆ ವೈದ್ಯರು ನೋಡಲೇಬೇಕು. ಈ ಪ್ರಶ್ನೆಗೆ ನಾವು ಪತ್ರ ಕೈಸೇರಿದ ದಿನವೇ ಉತ್ತರ ಕಳಿಸಿದ್ದೇವೆ. ಇಂಥದ್ದಕ್ಕೆ ಸಂಚಿಕೆಗಾಗಿ ಯಾರೂ ಕಾಯಬಾರದು. ತಲೆನೋವು ಏರುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ ತಡಮಾಡದೆ ಕಲಬುರಗಿಯ ಜಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ವೈದ್ಯರು ಒಪ್ಪಿದ ಮೇಲೂ ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಪ್ಯಾಡಲ್. ಪ್ರತಿ ಹಂತಕ್ಕೆ ಕಡಿಮೆಯೆಂದರೆ ಒಂದು ದಿನ. ಸ್ಪಾರಿಂಗ್ ಎಲ್ಲಕ್ಕಿಂತ ಕೊನೆಗೆ. ನಡುವೆ ತಲೆನೋವು ಬಂದರೆ ಒಂದು ಹಂತ ಹಿಂದಕ್ಕೆ.

ಚೆಸ್ಟ್ ಗಾರ್ಡ್ ನಾತ ಹೊಡಿತದ. ವಾಶಿಂಗ್ ಮಶೀನಿಗೆ ಹಾಕಬಹುದಾ?
— ಹಾಸ್ಟೆಲ್ ಹುಡುಗರು, ಕಲಬುರಗಿ

ಬೇಡ, ಒಳಗಿನ ಫೋಮ್ ಮುರಿಯುತ್ತದೆ. ಆಟ ಮುಗಿದ ಕೂಡಲೇ ಒದ್ದೆ ಬಟ್ಟೆಗೆ ಸ್ವಲ್ಪ ಸೋಪಿನ ನೀರು ಹಾಕಿ ಒಳಭಾಗ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಗಾಳಿಗೆ ನೇತುಹಾಕಿ. ನಮ್ಮ ಕಡೆಯ ಬಿಸಿಲಿಗೆ ಇಟ್ಟರೆ ಮೇಲಿನ ರೆಕ್ಸಿನ್ ಬಿರಿಯುತ್ತದೆ. ಚೀಲದೊಳಗೆ ಹಸಿಯಾಗಿ ತುರುಕಿಟ್ಟರೆ ನಾತದ ಜೊತೆ ಚರ್ಮಕ್ಕೆ ಹುಳುಕಡ್ಡಿಯೂ ಬರುತ್ತದೆ, ಅದು ಒಬ್ಬನಿಂದ ಇಡೀ ತಂಡಕ್ಕೆ ಹಬ್ಬುತ್ತದೆ. ಒಬ್ಬರಿಗೆ ಕಾಣಿಸಿಕೊಂಡರೆ ಅವನ ಗಾರ್ಡ್ ಬೇರೆ ಇಡಿ, ಮ್ಯಾಟನ್ನೂ ಫಿನಾಯಿಲ್ ನೀರಲ್ಲಿ ಒರೆಸಿ ಪೂರ್ತಿ ಒಣಗಿದ ಮೇಲೆ ಮಾತ್ರ ಕಾಲಿಡಿ. ಮ್ಯಾಟಿನ ತುಂಡುಗಳ ನಡುವೆ ಸಂದು ಬಿಟ್ಟಿದ್ದರೆ ಅದೇ ಹೊತ್ತಿಗೆ ಟೇಪ್ ಹಾಕಿಬಿಡಿ, ಕಿರುಬೆರಳು ಸಿಕ್ಕಿಕೊಳ್ಳುವುದು ಅಲ್ಲೇ.