ನೆಟ್ ಉಂಟು, ಸೈಟ್ ಮಾತ್ರ ಸಿಗುದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಶುರುವಾದ ಮೇಲೆ ಬಂದ ಪತ್ರ, ಮೆಸೇಜಲ್ಲಿ ಹೆಚ್ಚಿನದ್ದೆಲ್ಲ ಒಂದೇ ರಾಗ, ವೈಫೈ ಫುಲ್ ಉಂಟು ಆದ್ರೆ ಸೈಟ್ ಓಪನ್ ಆಗುದಿಲ್ಲ ಅಂತ. ಹಾಗಾಗಿ ಈ ಸಲ ಪ್ರಿಂಟರ್, ಪಾಸ್‌ವರ್ಡ್ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದನ್ನೇ ಹಿಡ್ಕೊಂಡಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಫೈಬರ್ ಕನೆಕ್ಷನ್ ಉಂಟು. ಕೆಲವು ದಿನದಿಂದ ಲ್ಯಾಪ್‌ಟಾಪಲ್ಲಿ ಒಂದೆರಡು ಸೈಟ್ ಬರುದೇ ಇಲ್ಲ, ಕ್ರೋಮಲ್ಲಿ "ಡಿಎನ್‌ಎಸ್ ಪ್ರೋಬ್ ಫಿನಿಶ್ಡ್ ಎನ್‌ಎಕ್ಸ್‌ಡೊಮೈನ್" ಅಂತ ಎಂತದೋ ತೋರಿಸ್ತದೆ. ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ಚಂದ ಬರ್ತದೆ. ರಿಪೇರಿಯವರು ವಿಂಡೋಸ್ ಫಾರ್ಮ್ಯಾಟ್ ಮಾಡ್ಬೇಕು ಅಂದ್ರು. ಮಾಡಿಸುದಾ?
ಓದುಗರು, ಕಂಕನಾಡಿ

ಉತ್ತರ: ಬೇಡ ಮಾರಾಯ್ರೆ, ಬೇಡವೇ ಬೇಡ. ಫೋಟೋ, ಟ್ಯಾಲಿ ಎಲ್ಲ ಕಳ್ಕೊಂಡು ಆಮೇಲೆ ಅದೇ ಎರರ್ ಬಂದ್ರೆ ಎಂತ ಮಾಡ್ತೀರಿ?

ಮೊದ್ಲು ಆ ಎರರ್ ಎಂತ ಹೇಳ್ತದೆ ಅಂತ ಓದಿ, ಯಾಕಂದ್ರೆ ಕ್ರೋಮ್ ಇಲ್ಲಿ ಸುಮ್ಮನೆ ಮಾತಾಡುದಲ್ಲ. ನೀವು ಸೈಟಿನ ಹೆಸರು ಟೈಪ್ ಮಾಡಿದ ಕೂಡ್ಲೇ ಆ ಹೆಸರಿನ ಐಪಿ ನಂಬರ್ (ನೆಟ್ಟಲ್ಲಿ ಆ ಸೈಟಿನ ವಿಳಾಸ) ಎಂತ ಅಂತ ಒಂದು ಡಿಎನ್‌ಎಸ್ ಸರ್ವರ್ ಹತ್ರ ಕೇಳ್ಬೇಕು, ಸಾಮಾನ್ಯಕ್ಕೆ ಅದು ನಿಮ್ಗೆ ನೆಟ್ ಕೊಡುವ ಕಂಪನಿಯದ್ದೇ ಇರ್ತದೆ. ಉತ್ತರ ಸಿಗದಿದ್ರೆ ಕ್ರೋಮ್ ಸುಮ್ಮನಿರುದಿಲ್ಲ, ತಾನೇ ಇನ್ನೊಂದೆರಡು ಪ್ರಶ್ನೆ ಕಳಿಸಿ ಡಿಎನ್‌ಎಸ್ ಜೀವಂತ ಉಂಟಾ ಅಂತ ಪರೀಕ್ಷೆ ಮಾಡ್ತದೆ, ಪ್ರೋಬ್ ಅಂದ್ರೆ ಅದೇ. ಕೊನೆಯಲ್ಲಿ "ಎನ್‌ಎಕ್ಸ್‌ಡೊಮೈನ್" ಅಂತ ಬಂದ್ರೆ ಡಿಎನ್‌ಎಸ್ ಸರಿ ಉಂಟು, ಆದ್ರೆ ಆ ಹೆಸರೇ ಇಲ್ಲ ಅಂತ ಉತ್ತರ ಬಂದಿದೆ ಅಂತ ಅರ್ಥ. "ಬ್ಯಾಡ್ ಕಾನ್ಫಿಗ್" ಅಂತ ಬಂದ್ರೆ ನೆಟ್ ಉಂಟು, ನಿಮ್ಮ ಡಿಎನ್‌ಎಸ್ ಸೆಟ್ಟಿಂಗ್ ಮಾತ್ರ ಹಾಳಾಗಿದೆ. "ನೋ ಇಂಟರ್ನೆಟ್" ಅಂದ್ರೆ ಗೊತ್ತಲ್ಲ. "ಕನೆಕ್ಷನ್ ಟೈಮ್ಡ್ ಔಟ್" ಬಂದ್ರೆ ಕಥೆಯೇ ಬೇರೆ, ಅಲ್ಲಿ ಹೆಸರು ಸಿಕ್ಕಿ ನಂಬರೂ ಸಿಕ್ಕಿ ಆಗಿದೆ, ಆಚೆ ಬದಿಯ ಸರ್ವರ್ ಮಾತಾಡ್ತಾ ಇಲ್ಲ, ಅದಕ್ಕೆ ಡಿಎನ್‌ಎಸ್ ಬದಲಾಯಿಸಿ ಎಂತದ್ದೂ ಪ್ರಯೋಜನ ಇಲ್ಲ. ಜನ ಇದೆಲ್ಲದಕ್ಕೂ "ಸರ್ವರ್ ಇಲ್ಲ" ಅಂತ ಒಂದೇ ಮಾತು ಹೇಳಿ ಮುಗಿಸ್ತಾರೆ, ಮಂಡೆಬಿಸಿ ಶುರುವಾಗುದೇ ಅಲ್ಲಿ.

ಈಗ ನಿಮ್ಮ ವಿಷಯ. ನೀವು ಮೊಬೈಲ್ ಡೇಟಾದಲ್ಲಿ ನೋಡಿದ್ದು ಒಳ್ಳೇದೇ, ಹೆಸರು ಇದೆ ಅಂತ ಅದರಿಂದ ಗೊತ್ತಾಯ್ತು, ಆದ್ರೆ ಅರ್ಧ ಪರೀಕ್ಷೆ ಆಯ್ತು ಅಷ್ಟೆ. ಮೊಬೈಲ್ ಡೇಟಾ ಆಫ್ ಮಾಡಿ ಅದೇ ಮನೆ ವೈಫೈಯಲ್ಲಿ ಅದೇ ಸೈಟ್ ನೋಡಿ. ಫೋನಲ್ಲೂ ಬರುದಿಲ್ಲ ಅಂತಾದ್ರೆ ಲ್ಯಾಪ್‌ಟಾಪನ್ನು ಮುಟ್ಲೇಬೇಡಿ, ರೂಟರ್ ಅಥವಾ ನೆಟ್ ಕೊಡುವವರ ಡಿಎನ್‌ಎಸ್ ಸರ್ವರ್ ಕಡೆ ತೊಂದ್ರೆ. ರೂಟರ್ ಒಮ್ಮೆ ಪ್ಲಗ್ ತೆಗ್ದು ಹಾಕಿ, ಮತ್ತೂ ಬರದಿದ್ರೆ ಕಸ್ಟಮರ್ ಕೇರಿಗೆ ಫೋನ್ ಮಾಡಿ "ನೆಟ್ ಸ್ಲೋ" ಅಂತ ಹೇಳ್ಬೇಡಿ, "ನಿಮ್ಮ ಡಿಎನ್‌ಎಸ್‌ನಲ್ಲಿ ಈ ಹೆಸರು ರಿಸಾಲ್ವ್ ಆಗುದಿಲ್ಲ" ಅಂತ ಹೇಳಿ, ಆಗ ಆಚೆಯವ್ರು ಸ್ವಲ್ಪ ನೆಟ್ಟಗೆ ಕೂತ್ಕೊಳ್ತಾರೆ.

ಫೋನಲ್ಲಿ ಬಂದು ಲ್ಯಾಪ್‌ಟಾಪಲ್ಲಿ ಬರದಿದ್ರೆ ಮಾತ್ರ ಮುಂದೆ ಓದಿ. ಕಮಾಂಡ್ ಪ್ರಾಂಪ್ಟ್ (ವಿಂಡೋಸಲ್ಲಿ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆಗ್ದು "ಎನ್‌ಎಸ್‌ಲುಕಪ್" ಅಂತ ಹಾಕಿ (ಟೈಪ್ ಮಾಡುದು ಇಂಗ್ಲಿಷ್ ಅಕ್ಷರದಲ್ಲೇ) ಒಂದು ಸ್ಪೇಸ್ ಬಿಟ್ಟು ಸೈಟಿನ ಹೆಸರು ಕೊಡಿ. ಈ ಕಮಾಂಡ್ ವಿಂಡೋಸ್ ನೆನಪಿಟ್ಟುಕೊಂಡ ಹಳೇ ಉತ್ತರ ನೋಡುದಿಲ್ಲ, ಸೀದಾ ಡಿಎನ್‌ಎಸ್ ಸರ್ವರನ್ನೇ ಕೇಳ್ತದೆ. ಅಲ್ಲಿ ನಂಬರ್ ಸಿಕ್ಕಿ ಬ್ರೌಸರಲ್ಲಿ ಸಿಗದಿದ್ರೆ ಕಳ್ಳ ಲ್ಯಾಪ್‌ಟಾಪ್ ಒಳಗೇ ಇದ್ದಾನೆ. ಒಂದೋ ಹಳೇ ಕ್ಯಾಶ್ (ವಿಂಡೋಸ್ ನೆನಪಿಟ್ಟುಕೊಂಡ ಆ ಹಳೇ ಉತ್ತರಗಳು), ಒಂದೋ ಹೋಸ್ಟ್ಸ್ ಫೈಲ್, ಒಂದೋ ಯಾವತ್ತೋ ಹಾಕಿ ಮರೆತ ವಿಪಿಎನ್ ಅಥವಾ ಆ್ಯಂಟಿವೈರಸ್. ಕ್ಯಾಶ್ ತೆಗೀಲಿಕ್ಕೆ "ಐಪಿಕಾನ್ಫಿಗ್" ಅಂತ ಒಟ್ಟಿಗೆ ಬರ್ದು, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಅದಕ್ಕೆ ತಾಗಿಸಿ "ಫ್ಲಶ್‌ಡಿಎನ್‌ಎಸ್" ಅಂತ ಕೊಡಿ. "ಇಲ್ಲ" ಅನ್ನುವ ಉತ್ತರ ಕೂಡ ಕ್ಯಾಶಲ್ಲಿ ಕೂತಿರ್ತದೆ, ಹಾಗಾಗಿ ಸೈಟ್ ನಿನ್ನೆಯೇ ಸರಿಯಾಗಿದ್ರೂ ನಿಮ್ಗೆ ಇವತ್ತೂ ಇಲ್ಲ ಅಂತಲೇ ಕಾಣ್ಬಹುದು.

ಹೋಸ್ಟ್ಸ್ ಫೈಲ್ ಅಂದ್ನಲ್ಲ, ಅದು ಭಾರೀ ಹಳೇ ಕಾಲದ್ದು. ಇಂಟರ್ನೆಟ್ಟಿಗೂ ಮೊದ್ಲಿನ ಆರ್ಪಾನೆಟ್ ಅನ್ನುವ ನೆಟ್‌ವರ್ಕಿನ ದಿನಗಳಲ್ಲಿ ಎಲ್ಲ ಕಂಪ್ಯೂಟರಿನ ಹೆಸರು, ನಂಬರ್ ಒಂದೇ ಫೈಲಲ್ಲಿ ಇರ್ತಿತ್ತು, ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯವ್ರು ಅದನ್ನು ನೋಡ್ಕೊಳ್ತಿದ್ರು, ಬೇಕಾದವ್ರು ಅಲ್ಲಿಂದ ಕಾಪಿ ಇಳಿಸಿಕೊಳ್ಬೇಕು. ಹೆಸರು ಜಾಸ್ತಿ ಆಗಿ ಸುಧಾರಿಸ್ಲಿಕ್ಕೆ ಆಗದೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈ ಡಿಎನ್‌ಎಸ್ ಅನ್ನು ರೂಪಿಸಿದ್ದು. ಆದ್ರೂ ಆ ಫೈಲ್ ಇವತ್ತಿಗೂ ನಿಮ್ಮ ವಿಂಡೋಸಲ್ಲಿ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರ್ ಒಳಗೆ ಉಂಟು, ಮತ್ತು ಡಿಎನ್‌ಎಸ್ ಎಂತ ಹೇಳಿದ್ರೂ ವಿಂಡೋಸ್ ಮೊದ್ಲು ನಂಬುದು ಅದನ್ನೇ. ನೋಟ್‌ಪ್ಯಾಡಲ್ಲಿ ತೆಗ್ದು ನೋಡಿ, ಹ್ಯಾಶ್ (#) ಗುರುತಿಲ್ಲದ ಸಾಲಲ್ಲಿ ನಿಮ್ಗೆ ಬೇಕಾದ ಸೈಟಿನ ಹೆಸರು ಕಂಡ್ರೆ ಅದೇ ಕಾರಣ ಆಗಿರ್ಬಹುದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕುವವ್ರು ಇಲ್ಲಿ ಸಾಲು ಸೇರಿಸಿ ಹೋಗ್ತಾರೆ. ರಿಪೇರಿಯವರ ಹತ್ರ ಇದೊಂದು ವಿಷಯ ಮೆಲ್ಲ ಕೇಳಿ ನೋಡಿ.

ಪ್ರಶ್ನೆ: ನಮ್ದು ಮಲ್ಪೆ ಹತ್ರ ಸಣ್ಣ ಹೋಮ್‌ಸ್ಟೇ. ವೆಬ್‌ಸೈಟ್ ನಿನ್ನೆಯಿಂದ "ಸರ್ವರ್ ನಾಟ್ ಫೌಂಡ್" ಅಂತ ಬರ್ತದೆ. ಬೆಂಗಳೂರಿನ ಗೆಸ್ಟ್ ಒಬ್ರಿಗೆ ಓಪನ್ ಆಗ್ತದಂತೆ, ನಮ್ಗೆ ಆಗುದಿಲ್ಲ. ಮೈಲ್ ಕೂಡ ಬರುದು ನಿಂತಿದೆ. ಸೈಟ್ ಮಾಡಿಕೊಟ್ಟ ಹುಡುಗ ಈಗ ದುಬೈಯಲ್ಲಿ.
ಓದುಗರು, ಮಲ್ಪೆ

ಉತ್ತರ: ಸೈಟೂ ಮೈಲೂ ಒಟ್ಟಿಗೆ ಹೋಗಿದ್ರೆ ನನ್ನ ಮೊದಲ ಸಂಶಯ ಡೊಮೈನ್, ಅಂದ್ರೆ ನಿಮ್ಮ ಸೈಟಿನ ಹೆಸರು, ರಿನ್ಯೂ ಆಗಿಲ್ಲ ಅಂತ. ಬೆಂಗಳೂರಿನವರಿಗೆ ಬರುದು ಪವಾಡ ಎಂತದ್ದೂ ಅಲ್ಲ, ಅವರ ನೆಟ್ ಕಂಪನಿಯ ಸರ್ವರಲ್ಲಿ ಹಳೇ ಉತ್ತರ ಇನ್ನೂ ಉಳ್ದಿದೆ ಅಷ್ಟೆ. ಡಾಟ್ ಕಾಮ್ ಹೆಸರುಗಳ ನೇಮ್‌ಸರ್ವರ್ (ಆ ಹೆಸರಿನ ನಂಬರ್ ಹೇಳುವ ಸರ್ವರ್) ಯಾವುದು ಅನ್ನುವ ಮಾಹಿತಿಯನ್ನು ಎರಡು ದಿನದವರೆಗೆ ಇಟ್ಟುಕೊಳ್ಳಲಿಕ್ಕೆ ಅನುಮತಿ ಉಂಟು, ನಾಳೆ ನಾಡಿದ್ದಿಗೆ ಅವರಿಗೂ ಹೋಗ್ತದೆ. ಅಷ್ಟರ ಒಳಗೆ ಕೆಲಸ ಮಾಡಿ.

ಡೊಮೈನ್ ಹೆಸರುಗಳ ವ್ಯವಸ್ಥೆ ನೋಡ್ಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟಕ್ಕೆ ಹೋಗಿ ನಿಮ್ಮ ಡೊಮೈನ್ ಹೆಸರು ಹಾಕಿ. ಎಕ್ಸ್‌ಪೈರಿ ಡೇಟ್, ರಿಜಿಸ್ಟ್ರಾರ್ (ಡೊಮೈನ್ ಮಾರಿದ ಕಂಪನಿ) ಯಾರು, ಸ್ಟೇಟಸ್ ಎಂತ, ಎಲ್ಲ ಬರ್ತದೆ. ಡಾಟ್ ಕಾಮ್ ಆದ್ರೆ ಅವಧಿ ಮುಗಿದ ಕೂಡ್ಲೇ ಬೇರೆಯವ್ರ ಪಾಲಾಗುದಿಲ್ಲ. ರಿಜಿಸ್ಟ್ರಾರ್ ಮನಸ್ಸು ಮಾಡಿದಷ್ಟು ದಿನ, ಹೆಚ್ಚಂದ್ರೆ 45 ದಿನ, ಮಾಮೂಲಿ ದುಡ್ಡಿಗೇ ರಿನ್ಯೂ ಮಾಡ್ಬಹುದು. ಆಮೇಲೆ 30 ದಿನ ರಿಡೆಂಪ್ಷನ್ ಅಂತ, ಅದಕ್ಕೆ ದಂಡ ಬೇರೆ, ಅದು ಜೋರೇ ಇರ್ತದೆ. ಅದೂ ದಾಟಿದ್ರೆ 5 ದಿನ ಯಾರಿಗೂ ಮುಟ್ಲಿಕ್ಕಾಗದ ಹಾಗೆ ಇಟ್ಟು ಡಿಲೀಟ್ ಮಾಡ್ತಾರೆ, ನಂತರ ಯಾರು ಬೇಕಾದ್ರೂ ತಗೊಳ್ಬಹುದು, ಚಂದದ ಹೆಸರಾದ್ರೆ ಕಾದು ಕೂತವ್ರು ಇರ್ತಾರೆ. ಕೆಲವು ರಿಜಿಸ್ಟ್ರಾರ್‌ಗಳು ಆ 45 ದಿನದ ಒಳಗೇ ಹರಾಜಿಗೆ ಹಾಕುದೂ ಉಂಟು, ಹಾಗಾಗಿ ನಾಡಿದ್ದು ನೋಡುವಾ ಅಂತ ಕೂರಬೇಡಿ.

ಡೇಟ್ ಮುಗ್ದಿಲ್ಲ, ಆದ್ರೆ ಸ್ಟೇಟಸಲ್ಲಿ "ಕ್ಲೈಂಟ್ ಹೋಲ್ಡ್" ಅಂತ ಉಂಟಾ? ಆಗ ರಿಜಿಸ್ಟ್ರಾರೇ ಹೆಸರನ್ನು ಡಿಎನ್‌ಎಸ್‌ನಿಂದ ಇಳಿಸಿದ್ದು. ಹೊಸದಾಗಿ ಡೊಮೈನ್ ತಗೊಂಡಾಗ ಅಥವಾ ಓನರ್ ಮಾಹಿತಿ ಬದಲಾಯಿಸಿದಾಗ ಒಂದು ವೆರಿಫಿಕೇಷನ್ ಮೈಲ್ ಬರ್ತದೆ, 15 ದಿನದ ಒಳಗೆ ಅದನ್ನು ಒತ್ತದಿದ್ರೆ ಹೀಗಾಗ್ತದೆ. ಆ ಮೈಲ್ ಹೋದದ್ದು ದುಬೈ ಹುಡುಗನ ಇನ್‌ಬಾಕ್ಸಿಗೆ, ಅವ ಅದನ್ನು ಸ್ಪ್ಯಾಮ್ ಅಂತ ಬಿಟ್ಟಿರ್ತಾನೆ.

ಅವನಿಗೆ ಇವತ್ತೇ ವಾಟ್ಸಾಪ್ ಮಾಡಿ, ರಿಜಿಸ್ಟ್ರಾರ್ ಲಾಗಿನ್ ತಗೊಳ್ಳಿ, ಓನರ್ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಮೈಲ್, ನಿಮ್ಮ ಫೋನ್ ಹಾಕಿ. ಒಂದು ಮಾತು, ಆ ಮೈಲ್ ಐಡಿ ಇದೇ ಡೊಮೈನಿಂದು ಆಗ್ಬಾರ್ದು, ಡೊಮೈನ್ ಸತ್ತಾಗ ರಿನ್ಯೂ ಮಾಡಿ ಅಂತ ಹೇಳುವ ಮೈಲೂ ಒಟ್ಟಿಗೇ ಸಾಯ್ತದೆ. ನಮ್ಮ ಕರಾವಳಿಯಲ್ಲಿ ಜಾಗದ ಆರ್‌ಟಿಸಿಯಲ್ಲಿ ಒಂದು ಅಕ್ಷರ ತಪ್ಪಿದ್ರೆ ತಾಲೂಕು ಆಫೀಸಿಗೆ ಓಡುವವ್ರು ಡೊಮೈನನ್ನು ಮಾತ್ರ ಯಾರ್ಯಾರದ್ದೋ ಹೆಸರಲ್ಲಿ ಬಿಟ್ಟು ನಿಶ್ಚಿಂತೆಯಾಗಿ ಇರ್ತಾರೆ, ಇದು ನಂಗೆ ಇವತ್ತಿಗೂ ಅರ್ಥ ಆಗುದಿಲ್ಲ.

ಪ್ರಶ್ನೆ: ಪಿಜಿ ವೈಫೈಗೆ ಕನೆಕ್ಟ್ ಆದ್ರೆ "ಪ್ರೈವೇಟ್ ಡಿಎನ್‌ಎಸ್ ಸರ್ವರ್ ಕೆನಾಟ್ ಬಿ ಆ್ಯಕ್ಸೆಸ್ಡ್" ಅಂತ ಬರ್ತದೆ, ಎಂತದ್ದೂ ಓಪನ್ ಆಗುದಿಲ್ಲ. ರೂಮ್‌ಮೇಟ್ ಫೋನಲ್ಲಿ ಎಲ್ಲ ಸರಿ. ಮೊಬೈಲ್ ಡೇಟಾದಲ್ಲಿ ನಂದೂ ಸರಿ.
ವಿದ್ಯಾರ್ಥಿ, ಮಣಿಪಾಲ

ಉತ್ತರ: ಯೂಟ್ಯೂಬಲ್ಲಿ ಯಾರೋ "ಈ ಸೆಟ್ಟಿಂಗ್ ಹಾಕಿದ್ರೆ ಆ್ಯಡ್ ಬರುದಿಲ್ಲ" ಅಂತ ಹೇಳಿದ್ದು ನೋಡಿ ಹಾಕಿದ್ದಲ್ವಾ? ಹಾಕಿದ್ದು ತಪ್ಪಲ್ಲ. ಆಂಡ್ರಾಯ್ಡ್ 9ರಿಂದ, ಅಂದ್ರೆ 2018ರಿಂದ, ಈ ಪ್ರೈವೇಟ್ ಡಿಎನ್‌ಎಸ್ ಉಂಟು, ನಿಮ್ಮ ಹೆಸರು ಹುಡುಕುವ ಪ್ರಶ್ನೆಗಳನ್ನು ಅದು ಗುಟ್ಟಾಗಿ ಕಳಿಸ್ತದೆ. ಮಾಮೂಲಿ ಡಿಎನ್‌ಎಸ್ ಹೋಗುದು 53ನೇ ಪೋರ್ಟಲ್ಲಿ (ಪೋರ್ಟ್ ಅಂದ್ರೆ ನೆಟ್‌ವರ್ಕಿನ ನಂಬರ್ ಹಾಕಿದ ಬಾಗಿಲು), ಇದು ಹೋಗುದು 853ರಲ್ಲಿ, ಪಿಜಿ, ಆಫೀಸ್ ನೆಟ್‌ವರ್ಕಲ್ಲಿ ಆ 853 ಬ್ಲಾಕ್ ಆಗಿರುದು ಉಂಟು. ನೀವು ಸರ್ವರ್ ಹೆಸರು ಕೊಟ್ಟು ಫಿಕ್ಸ್ ಮಾಡಿದ್ರೆ ಫೋನ್ ಹಟ ಹಿಡೀತದೆ, ಅದು ಸಿಗದಿದ್ರೆ ಬೇರೆ ಯಾರನ್ನೂ ಕೇಳುದಿಲ್ಲ. ಸೆಟ್ಟಿಂಗ್ಸಲ್ಲಿ ಅದನ್ನು "ಆಟೋಮ್ಯಾಟಿಕ್" ಮಾಡಿ, ಆಗ 853 ಸಿಕ್ಕಿದ್ರೆ ಅದು, ಇಲ್ಲದಿದ್ರೆ ಮಾಮೂಲಿಯದ್ದು.

ಇನ್ನೊಬ್ರು ಇದೇ ವಿಷಯದಲ್ಲಿ ಅಲ್ಲಿ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್‌ಎಸ್ ನಂಬರ್) ಹಾಕಿದ್ರೆ ಸೇವ್ ಆಗುದಿಲ್ಲ ಅಂತ ಕೇಳಿದ್ದಾರೆ. ಆ ಜಾಗ ನಂಬರ್ ತಗೊಳ್ಳುದಿಲ್ಲ, ಹೆಸರೇ ಬೇಕು, ಉದಾಹರಣೆಗೆ "ಡಿಎನ್‌ಎಸ್ ಡಾಟ್ ಗೂಗಲ್".

ಪ್ರಶ್ನೆ: ಡಿಎನ್‌ಎಸ್ 8.8.8.8 ಮಾಡಿದ್ರೆ ನೆಟ್ ಸ್ಪೀಡ್ ಆಗ್ತದಂತೆ, ಹೌದಾ?
ಓದುಗರು, ಕುಂದಾಪುರ

ಉತ್ತರ: ಇಲ್ಲ. ಹೆಸರು ಹುಡುಕುವ ಆ ಸಣ್ಣ ಕ್ಷಣ ಸ್ವಲ್ಪ ಕಡ್ಮೆ ಆಗ್ಬಹುದು, ಸಿನಿಮಾ ಡೌನ್‌ಲೋಡ್ ಮೊದ್ಲಿನ ಹಾಗೆಯೇ ತೆವಳ್ತದೆ. ನೆಟ್ ಕಂಪನಿಯ ಡಿಎನ್‌ಎಸ್ ಪದೇ ಪದೇ ಕೈಕೊಡ್ತದೆ ಅಂತಾದ್ರೆ ಮಾತ್ರ ಬದಲಾಯಿಸಿ. ಗೂಗಲಿಂದು 8.8.8.8, 2009ರಿಂದ ಉಂಟು, ಕ್ಲೌಡ್‌ಫ್ಲೇರಿಂದು 1.1.1.1, 2018ರಲ್ಲಿ ಬಂತು, ಕ್ವಾಡ್9 ಅವರದ್ದು 9.9.9.9. ನೀವು ಯಾವ ಸೈಟ್ ಹುಡುಕ್ತೀರಿ ಅಂತ ಈಗ ನೆಟ್ ಕಂಪನಿಯ ಸರ್ವರಿಗೆ ಹೋಗುವ ಪ್ರಶ್ನೆ ಆಮೇಲೆ ಇವರಿಗೆ ಹೋಗ್ತದೆ, ಅದು ಗೊತ್ತಿದ್ದು ಮಾಡಿ.

ಪ್ರಶ್ನೆ: ಬ್ಯಾಂಕಿನ ಹೆಸರು ಸರಿಯಾಗಿಯೇ ಟೈಪ್ ಮಾಡಿದ್ರೂ ಸೆಕ್ಯೂರಿಟಿ ವಾರ್ನಿಂಗ್ ಬರ್ತದೆ, ಮುಂದೆ ಹೋದ್ರೆ ಎಟಿಎಂ ಪಿನ್ ಕೇಳುವ ಪುಟ. ಮನೆಯ ಎಲ್ಲ ಫೋನಲ್ಲೂ ಹೀಗೆ, ವೈಫೈ ಬಿಟ್ರೆ ಸರಿ.
ಓದುಗರು, ಮೂಲ್ಕಿ

ಉತ್ತರ: ಇದನ್ನು ಓದಿದ ಕೂಡ್ಲೇ ವೈಫೈ ಆಫ್ ಮಾಡಿ, ಉಳಿದದ್ದು ಆಮೇಲೆ. ಪಿನ್, ಪಾಸ್‌ವರ್ಡ್ ಏನಾದ್ರೂ ಹಾಕಿ ಆಗಿದ್ರೆ ಮೊಬೈಲ್ ಡೇಟಾದಿಂದ ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, ದುಡ್ಡು ಹೋಗಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ವಾಪಸ್ ಸಿಗುದು ಕಷ್ಟ.

ಎಲ್ಲ ಫೋನಲ್ಲೂ ಒಂದೇ ತರ ಆಗುದಾದ್ರೆ ಸಂಶಯ ರೂಟರ್ ಮೇಲೆ. ಯಾರೋ ಅದರ ಒಳಗೆ ಹೊಕ್ಕು ಡಿಎನ್‌ಎಸ್ ನಂಬರನ್ನು ತಮ್ಮ ಸರ್ವರಿಂದು ಮಾಡಿರ್ತಾರೆ, ಆಗ ನೀವು ಎಷ್ಟು ಸರಿ ಹೆಸರು ಟೈಪ್ ಮಾಡಿದ್ರೂ ಅವರು ಕೊಡುದು ಕಳ್ಳ ನಂಬರ್. ಇದು ಹೊಸ ವಿದ್ಯೆ ಅಲ್ಲ. ಡಿಎನ್‌ಎಸ್ ಚೇಂಜರ್ ಅಂತ ಒಂದು ವೈರಸ್ ಲಕ್ಷಗಟ್ಟಲೆ ಕಂಪ್ಯೂಟರಿನ ಡಿಎನ್‌ಎಸ್ ಬದಲಾಯಿಸಿತ್ತು, 2011ರ ನವೆಂಬರಲ್ಲಿ ಎಸ್ಟೋನಿಯಾದಲ್ಲಿ ಆ ಗ್ಯಾಂಗಿನವರನ್ನು ಹಿಡಿದ್ರು. ತಮಾಷೆ ಎಂತ ಅಂದ್ರೆ ಕಳ್ಳರ ಸರ್ವರನ್ನು ಕೂಡ್ಲೇ ಬಂದ್ ಮಾಡಿದ್ರೆ ಪಾಪದ ಜನರ ನೆಟ್ಟೇ ನಿಲ್ತದೆ ಅಂತ ಕೋರ್ಟ್ ಆದೇಶದಲ್ಲಿ ಅದರ ಜಾಗಕ್ಕೆ ಒಳ್ಳೇ ಸರ್ವರ್ ಇಟ್ಟು 2012ರ ಜುಲೈ 9ರವರೆಗೆ ನಡೆಸ್ಬೇಕಾಯ್ತು.

ರೂಟರ್ ಹಿಂದಿನ ಸಣ್ಣ ತೂತಲ್ಲಿ ಪಿನ್ ಹಾಕಿ ಫ್ಯಾಕ್ಟರಿ ರೀಸೆಟ್ ಮಾಡಿ (ಮೊದ್ಲು ನೆಟ್ ಕಂಪನಿಯ ಯೂಸರ್ ನೇಮ್, ಪಾಸ್‌ವರ್ಡ್ ಕೇಳಿ ಇಟ್ಕೊಳ್ಳಿ, ಇಲ್ಲದಿದ್ರೆ ನೆಟ್ಟೂ ಇಲ್ಲ ರೂಟರೂ ಇಲ್ಲ ಅಂತ ಆಗ್ತದೆ). ಅಡ್ಮಿನ್ ಪಾಸ್‌ವರ್ಡ್ "ಅಡ್ಮಿನ್" ಅಂತಲೇ ಬಿಡಬೇಡಿ. ಫರ್ಮ್‌ವೇರ್ (ರೂಟರಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿಂದ ರೂಟರ್ ಸೆಟ್ಟಿಂಗ್ ಬದಲಾಯಿಸುವ ಸೌಲಭ್ಯ) ಆಫ್ ಮಾಡಿ. ಮತ್ತೆ ಆ ವಾರ್ನಿಂಗ್ ಉಂಟಲ್ಲ, ಹೆಸರಿಗೂ ಸರ್ಟಿಫಿಕೇಟಿಗೂ (ಸೈಟಿನ ಗುರುತು ಚೀಟಿ ಇದ್ದ ಹಾಗೆ) ತಾಳೆ ಆಗುದಿಲ್ಲ ಅಂತ ಬ್ರೌಸರ್ ಹೇಳಿದ್ದು ಅಲ್ಲಿಯೇ. ಡಿಎನ್‌ಎಸ್ ಸುಳ್ಳು ಹೇಳಿದ್ರೂ ಸರ್ಟಿಫಿಕೇಟ್ ಅಷ್ಟು ಸುಲಭಕ್ಕೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ, ಬ್ಯಾಂಕ್ ಪುಟದಲ್ಲಿ ಅದನ್ನು ದಾಟಿ ಮುಂದೆ ಹೋಗ್ಲೇಬೇಡಿ.

ಪ್ರಶ್ನೆ: ವಾಟ್ಸಾಪ್, ಫೇಸ್‌ಬುಕ್ ಒಟ್ಟಿಗೆ ಹೋದ್ರೆ ಎಂತ ಮಾಡುದು? ಹಿಂದೊಮ್ಮೆ ಹಾಗಾದಾಗ ನಮ್ಮ ಮನೆಯಲ್ಲಿ ರೂಟರ್ ಎಲ್ಲ ರೀಸೆಟ್ ಮಾಡಿ ಆಯ್ತು.
ಓದುಗರು, ಕಾರ್ಕಳ

ಉತ್ತರ: ನೀವು ಹೇಳುದು 2021ರ ಅಕ್ಟೋಬರ್ 4 ಇರ್ಬೇಕು, ರಾತ್ರಿ 9 ದಾಟಿದ ಮೇಲೆ ಹೋಗಿ ಸುಮಾರು ಆರು ಗಂಟೆ ಬರ್ಲಿಲ್ಲ. ಮೇಂಟೆನೆನ್ಸ್ ಮಾಡುವಾಗ ಕೊಟ್ಟ ಒಂದು ಕಮಾಂಡಿಂದ ಇವೆರಡನ್ನೂ ನಡೆಸುವ ಫೇಸ್‌ಬುಕ್ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಕನೆಕ್ಷನ್ ಕಡಿದುಹೋಗಿ, ಅವರದ್ದೇ ಡಿಎನ್‌ಎಸ್ ಸರ್ವರಿಗೆ ಹೋಗುವ ದಾರಿ ಇಂಟರ್ನೆಟ್ಟಿಂದಲೇ ಮಾಯ ಆಗಿತ್ತು, ಹೆಸರು ಕೇಳಿದ್ರೆ ಉತ್ತರ ಕೊಡುವವ್ರೇ ಇಲ್ಲ. ಅಂಥ ಹೊತ್ತಲ್ಲಿ ಸಂಬಂಧ ಇಲ್ಲದ ಬೇರೆ ಎರಡು ಸೈಟ್ ತೆಗ್ದು ನೋಡಿ, ಅದು ಬಂದ್ರೆ ನಿಮ್ಮ ರೂಟರಿಂದು ತಪ್ಪಿಲ್ಲ, ಫೋನ್ ಬದಿಗಿಟ್ಟು ಊಟ ಮಾಡಿ ಮಲಗಿ.