ಒಂದು ಇದೆಯಲ್ಲ, ಸಾಕು ಬಿಡಿ!

ಆಪ್ತಸಮಾಲೋಚನೆಗೆಂದು ಆಕೆ ನನ್ನ ಹತ್ತಿರ ಬಂದಾಗ ಕೈಯಲ್ಲೊಂದು ದಪ್ಪ ಫೈಲ್ ಇತ್ತು. ಕೂತ ಮೇಲೂ ಅದನ್ನು ಕೆಳಗಿಡಲಿಲ್ಲ. ಮೊದಲ ಮಾತೇ ಇದು: "ಮೇಡಂ, ಅಳೋಕೆ ನನಗೆ ಹಕ್ಕಿದೆಯೋ ಇಲ್ವೋ ಗೊತ್ತಿಲ್ಲ. ಮಗಳಿದ್ದಾಳೆ."

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ವಯಸ್ಸು 36. ಮಗಳಿಗೆ 6. ಆ ಮಗು ಪ್ರಯತ್ನ ಶುರುಮಾಡಿದ ಮೂರೇ ತಿಂಗಳಲ್ಲಿ ಹೊಟ್ಟೆಯಲ್ಲಿತ್ತು. ಎರಡನೆಯದಕ್ಕೆ ಕಾಯುತ್ತಾ ಎರಡೂವರೆ ವರ್ಷ ಆಗಿದೆ. ಮುಟ್ಟು ಒಂದು ದಿನ ತಡವಾದರೆ ಸಾಕು, ಹೆರಿಗೆ ಯಾವ ತಿಂಗಳು ಬರುತ್ತದೆ ಎಂದು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಮರುದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ಮಗಳಿಗೆ ಕೇಳಿಸಬಾರದಲ್ಲ!

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಮನಸ್ಸು ಹಗುರವಾಗಲಿ ಎಂದು "ಮಗಳ ಬಗ್ಗೆ ಹೇಳಿ" ಅಂದೆ. ಆಕೆಯ ಮುಖ ಮುದುಡಿತು. ನಾನೂ ಎಲ್ಲರ ಹಾಗೆ "ಒಂದು ಇದೆಯಲ್ಲ" ಅಂದಂತೆ ಆಯಿತು. ಕ್ಷಮೆ ಕೇಳಿದೆ. ಇದ್ದ ಮಗುವಿನ ಮೇಲಿನ ಪ್ರೀತಿ ಬೇರೆ, ಬಾರದ ಮಗುವಿನ ದುಃಖ ಬೇರೆ. ಒಂದನ್ನು ಇನ್ನೊಂದರಿಂದ ಕಳೆದು ಲೆಕ್ಕ ಮಾಡೋಕೆ ಆಗಲ್ಲ.

ನಮ್ಮ ಭಾಷೆಯೂ ಇಲ್ಲಿ ಕೈಕೊಡುತ್ತದೆ. 'ಬಂಜೆ' ಎಂಬ ಮಾತೇ ಹೆಣ್ಣಿನ ಮೇಲಿನ ಆರೋಪ. ಆದರೆ ಒಮ್ಮೆ ಹೆತ್ತವಳಿಗೆ ಆ ಕೆಟ್ಟ ಹೆಸರೂ ಅಂಟುವುದಿಲ್ಲ. ಒಂದು ಹೆತ್ತ ಮೇಲೆ ಮತ್ತೆ ಗರ್ಭ ನಿಲ್ಲದಿರುವುದನ್ನು ಡಾಕ್ಟರ್‌ಗಳು ಸೆಕೆಂಡರಿ ಇನ್‌ಫರ್ಟಿಲಿಟಿ ಎನ್ನುತ್ತಾರೆ. ಮನೆಯಲ್ಲಿ ಆಡುವ ಮಾತಲ್ಲಿ ಇದಕ್ಕೆ ಹೆಸರಿಲ್ಲ. ಹೆಸರಿಲ್ಲದ ನೋವನ್ನು ಯಾರ ಹತ್ತಿರ ಹೇಳಿಕೊಳ್ಳೋದು?

ಆಮೇಲೆ ಫೈಲ್ ಬಿಚ್ಚಿದರು. ಅಷ್ಟರಲ್ಲಿ ಮೂವರು ಡಾಕ್ಟರ್‌ಗಳ ಹತ್ತಿರ ಹೋಗಿ ಬಂದಿದ್ದರು. ಮೊದಲನೆಯವರು ಸರಿಯಾಗಿ ಕೂರುವ ಮೊದಲೇ "ಒಂದಾಗಿದೆಯಲ್ಲ, ಇನ್ನೊಂದೂ ಆಗುತ್ತೆ, ಟೆನ್ಶನ್ ಬಿಡಿ" ಎಂದು ಕಳಿಸಿದ್ದರು. ಎರಡನೆಯವರು ಅಂಡ ಬೆಳೆಯುವ ಮಾತ್ರೆಯನ್ನು ಏಳು ತಿಂಗಳು ಬರೆದಿದ್ದರು. ನಡುವೆ ಒಂದು ಸ್ಕ್ಯಾನೂ ಇಲ್ಲ. ಮೂರನೆಯವರು ಎಎಂಹೆಚ್ ಎಂಬ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ, ಐದು ನಿಮಿಷದಲ್ಲಿ "ಟೈಮ್ ಇಲ್ಲ, ನೇರ ಐವಿಎಫ್" ಅಂದಿದ್ದರು. ಆ ಒಂದು ನಂಬರ್ ಆಕೆಗೆ ಬಾಯಿಪಾಠವಾಗಿತ್ತು.

ನಾನು ಡಾಕ್ಟರ್ ಅಲ್ಲ. ರಿಪೋರ್ಟ್ ಓದಿ ಅರ್ಥ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೂ ಹಾಳೆ ತಿರುವುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಅಷ್ಟು ದಪ್ಪ ಫೈಲಿನಲ್ಲಿ ಗಂಡನ ಹೆಸರಿನ ಒಂದೇ ಒಂದು ಕಾಗದ ಇರಲಿಲ್ಲ.

"ಅವರ ಟೆಸ್ಟ್?" ಅಂದೆ.

"ಯಾರೂ ಕೇಳಲಿಲ್ಲ ಮೇಡಂ. ನಮ್ಮನೆಯವರು ಹೇಳ್ತಾರೆ, ನಾನು ಒಂದು ಸಲ ಅಪ್ಪ ಆಗಿದ್ದೀನಲ್ಲ, ನನಗ್ಯಾಕೆ ಅಂತ."

ಈ ಮಾತು ನನ್ನ ಕೋಣೆಯಲ್ಲಿ ತುಂಬಾ ಸಲ ಕೇಳಿದ್ದೇನೆ. ಮೊದಲ ಮಗುವನ್ನು ಎಲ್ಲರೂ ಜೀವಮಾನದ ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ, ಡಾಕ್ಟರ್‌ಗಳೂ ಸೇರಿ. ಅದು ಆ ವರ್ಷದ ಮಾತು ಅಷ್ಟೇ. ಈ ನಡುವೆ ವಯಸ್ಸು ಆಗಿದೆ, ಥೈರಾಯ್ಡ್ ಏರುಪೇರಾಗಿರಬಹುದು, ಸೋಂಕಿನಿಂದ ಅಂಡ ಸಾಗಿ ಬರುವ ಟ್ಯೂಬ್ ಮುಚ್ಚಿರಬಹುದು. ಸಿಸೇರಿಯನ್ ಗಾಯ ಮಾಗಿದ ಜಾಗದಲ್ಲಿ ಸಣ್ಣ ಗುಳಿ ಉಳಿದಿರಬಹುದು. ಗಂಡಸಿನಲ್ಲೂ ಅಷ್ಟೇ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಅಂದರೆ ಇವತ್ತಿನ ವೀರ್ಯ ಪರೀಕ್ಷೆಯ ರಿಪೋರ್ಟ್ ಕಳೆದ ಎರಡು ಮೂರು ತಿಂಗಳ ಕಥೆ ಹೇಳುತ್ತದೆ, ಏಳು ವರ್ಷದ ಹಿಂದಿನದ್ದಲ್ಲ. ಮಗು ಆಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಹಾಗಿದ್ದೂ ಎಲ್ಲಕ್ಕಿಂತ ಸುಲಭದ ಪರೀಕ್ಷೆಯೇ ಕೊನೆಗೆ ಉಳಿದುಬಿಡುತ್ತದೆ.

ಎರಡನೇ ಸಲ ಇಬ್ಬರೂ ಬಂದರು. ಆತ ಅರ್ಧ ಗಂಟೆ ಫೋನ್ ತಿರುಗಿಸುತ್ತಾ ಕೂತಿದ್ದರು. ನಾನು ವಾದ ಮಾಡಲಿಲ್ಲ. "ರಿಪೋರ್ಟ್ ಸರಿ ಬರದಿದ್ದರೆ ಮೊದಲು ಯಾರ ನೆನಪಾಗುತ್ತೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮ" ಅಂದರು. ಎರಡು ವರ್ಷದಿಂದ ಅವರಮ್ಮ ಸೊಸೆಯನ್ನು ಆಡಿಕೊಳ್ಳುವಾಗ ಅವರು ಸುಮ್ಮನಿದ್ದರು. ಆ ಮೌನ ತಮಗೂ ಅನುಕೂಲವಾಗಿತ್ತು ಎಂದು ಅವರೇ ಒಪ್ಪಿಕೊಂಡರು. ಹೆಂಡತಿ ಅವರ ಕಡೆ ತಿರುಗಿ ನೋಡಿದ ರೀತಿ ಬರೆಯಲು ನನಗೆ ಬರುವುದಿಲ್ಲ. ಅವತ್ತು ಬೇರೇನೂ ಮಾತಾಡಲಿಲ್ಲ.

ಮುಂದಿನ ಭೇಟಿಗಳಲ್ಲಿ ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವು ಡಾಕ್ಟರ್ ಎದುರು ಹೇಗೆ ಕೂರಬೇಕು ಎಂಬುದರ ಬಗ್ಗೆ. ಫೈಲ್ ಬದಿಗಿಟ್ಟು ಒಂದು ಪುಟ ಬರೆಯಿರಿ ಅಂದೆ. ಎಷ್ಟು ಕಾಲದಿಂದ ಪ್ರಯತ್ನ, ಕಳೆದ ಆರು ತಿಂಗಳ ಮುಟ್ಟಿನ ದಿನಾಂಕ, ಮೊದಲ ಹೆರಿಗೆ ಹೇಗಾಯಿತು, ಯಾವ ಮಾತ್ರೆ ಎಷ್ಟು ತಿಂಗಳು. ಕೆಳಗೆ ಮೂರೇ ಪ್ರಶ್ನೆ. ಅಂಡ ಬಿಡುಗಡೆ ಆಗ್ತಿದೆಯಾ, ಅದು ಹೇಗೆ ಗೊತ್ತಾಯ್ತು? ಟ್ಯೂಬ್ ತೆರೆದಿದೆಯಾ? ಇವರ ಟೆಸ್ಟ್ ಯಾವಾಗ? ಔಷಧಿ ಬರೆದರೆ, ಎಷ್ಟು ತಿಂಗಳು, ಆಗದಿದ್ದರೆ ಮುಂದೇನು ಎಂದೂ ಕೇಳಬೇಕು. ಎಎಂಹೆಚ್ ಬಗ್ಗೆಯೂ ಒಂದು ಮಾತು ಹೇಳಿದೆ. ಉಳಿದಿರುವ ಅಂಡಗಳ ಅಂದಾಜನ್ನು ಅದು ಕೊಡುತ್ತದೆ. ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎನ್ನುವುದನ್ನು ಆ ಒಂದು ನಂಬರ್ ತೀರ್ಮಾನ ಮಾಡಲ್ಲ. ಹಾಗಂತ ಐವಿಎಫ್ ಬೇಡ ಅಂತ ನಾನು ಹೇಳಲಿಲ್ಲ. 36ರಲ್ಲಿ ತಿಂಗಳುಗಳಿಗೆ ಬೆಲೆ ಇದೆ. ಮೊದಲು ಕಾರಣ ಹುಡುಕಲಿ, ಆಮೇಲೆ ದಾರಿ.

ಅಭ್ಯಾಸವನ್ನೂ ಮಾಡಿಸಿದೆ. ನಾನೇ ಡಾಕ್ಟರ್ ಆಗಿ ಗಡಿಯಾರ ನೋಡುತ್ತಾ ಆಕೆಯ ಮಾತು ಅರ್ಧಕ್ಕೆ ಕತ್ತರಿಸಿದೆ. ಮೊದಲ ಸಲ ಆಕೆ ಸುಮ್ಮನಾದರು. ಮೂರನೇ ಸಲ, "ಡಾಕ್ಟ್ರೇ, ಇನ್ನೆರಡು ಪ್ರಶ್ನೆ ಉಳಿದಿದೆ" ಅಂದರು. ಮೂವರೂ ನಕ್ಕೆವು. ಡಾಕ್ಟರ್‌ಗಳೆಲ್ಲ ಕೆಟ್ಟವರಲ್ಲ, ಹೊರಗೆ ಸಾಲು ಕಾದಿರುತ್ತದೆ, ನಿಜ. ಆದರೆ ಪ್ರಶ್ನೆ ಕೇಳಿದ್ದಕ್ಕೇ ಸಿಡುಕುವವರಿದ್ದರೆ, ರಿಪೋರ್ಟಿನ ಪ್ರತಿ ತೆಗೆದುಕೊಂಡು ಬೇರೆಯವರ ಹತ್ತಿರ ಹೋಗಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅಂದ ಹಾಗೆ, ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಪರೀಕ್ಷೆ ಶುರುವಾಗಬೇಕು. ಹೆಣ್ಣಿಗೆ 35 ದಾಟಿದ್ದರೆ 6 ತಿಂಗಳು ಸಾಕು. ಮೊದಲ ಮಗು ಇದೆ ಎಂದು ಈ ಲೆಕ್ಕ ಬದಲಾಗುವುದಿಲ್ಲ.

"ಟೆನ್ಶನ್ ಬಿಟ್ರೆ ಆಗುತ್ತೆ" ಎಂಬ ಮಾತಿನ ಮೇಲೆ ನನಗೆ ಸಿಟ್ಟಿದೆ. ಮುಚ್ಚಿದ ಟ್ಯೂಬ್ ಮನಸ್ಸು ನೆಮ್ಮದಿಯಾದ ಕೂಡಲೇ ತೆರೆಯುತ್ತಾ? ಈ ಮಾತಿನಿಂದ ಆಗೋದು ಒಂದೇ, ಟೆನ್ಶನ್ ಆಗ್ತಿದೆಯಲ್ಲ ಎಂಬ ಇನ್ನೊಂದು ಟೆನ್ಶನ್. ಆಕೆ ನನ್ನ ಹತ್ತಿರ ಬಂದದ್ದು ಗರ್ಭ ನಿಲ್ಲಲಿ ಎಂದಲ್ಲ, ಕಾಯುವ ಈ ದಿನಗಳನ್ನು ಕಳೆಯುವ ಶಕ್ತಿ ಬರಲಿ ಎಂದು.

ಮಲಗುವ ಕೋಣೆಗೆ, ಯಾವ ದಿನ ಸೇರಬೇಕು ಎಂದು ಲೆಕ್ಕ ಹೇಳುವ ಮೊಬೈಲ್ ಆ್ಯಪಿನ ಆಳ್ವಿಕೆ ಬಂದಿತ್ತು. ಅಂಡ ಬಿಡುಗಡೆಯ ದಿನವೂ ಸೇರಿ ಹಿಂದಿನ ಆರು ದಿನ ಗರ್ಭ ನಿಲ್ಲುವ ಸಮಯ. ಆ ದಿನಗಳಲ್ಲಿ ದಿನ ಬಿಟ್ಟು ದಿನ ಸೇರಿದರೂ ಸಾಕು, "ಇವತ್ತೇ, ಈಗಲೇ" ಎಂಬ ಹುಕುಂ ಬೇಡ ಅಂದೆ. ಉಳಿದ ದಿನಗಳು ನಿಮ್ಮವೇ ಅಲ್ವಾ?

ಮಗಳು "ನಮಗೆ ಪಾಪು ಯಾವಾಗ?" ಎಂದು ಕೇಳುತ್ತಿದ್ದಳು. ಇವರು "ಮುಂದಿನ ವರ್ಷ" ಅನ್ನುತ್ತಾ ಬಂದಿದ್ದರು. ದಿನಾಂಕ ಕೊಡಬೇಡಿ ಅಂದೆ. "ನಮಗೂ ಆಸೆ ಇದೆ, ಬರುತ್ತೋ ಇಲ್ವೋ ಗೊತ್ತಿಲ್ಲ, ಅಮ್ಮನಿಗೆ ಬೇಜಾರಾಗೋದು ನಿನ್ನಿಂದಲ್ಲ" ಅನ್ನಿ. ಮಕ್ಕಳಿಗೆ ಇಷ್ಟು ಸಾಕಾಗುತ್ತದೆ.

ಅತ್ತೆಗೆ ಉತ್ತರ ಕೊಡುವ ಕೆಲಸ ಗಂಡನಿಗೇ ಬಿಟ್ಟೆವು. ಎಷ್ಟು ಕಾಲ, ಎಷ್ಟು ಖರ್ಚು ಎಂಬ ಗಡಿಯನ್ನೂ ಇಬ್ಬರೇ ಕೂತು ಹಾಕಿಕೊಳ್ಳಲಿ ಅಂದೆ, ಆದರೆ ಮುಟ್ಟಾದ ದಿನ ಬೇಡ.

ನಾಲ್ಕನೇ ಡಾಕ್ಟರ್ ಆ ಒಂದು ಪುಟವನ್ನು ಪೂರ್ತಿ ಓದಿದರಂತೆ. ಟ್ಯೂಬ್ ತೆರೆದಿತ್ತು. ಗಂಡನ ರಿಪೋರ್ಟಿನಲ್ಲಿ ವೀರ್ಯಾಣುಗಳ ಚಲನೆ ಕಡಿಮೆ ಬಂತು. ಒಂದೇ ಸಲದ್ದನ್ನು ನಂಬುವಂತಿಲ್ಲ ಎಂದು ಮತ್ತೆ ಮಾಡಿಸಿದರು, ಹಾಗೇ ಬಂತು. ಈಗ ಅವರಿಗೂ ತಜ್ಞರ ಚಿಕಿತ್ಸೆ ನಡೆದಿದೆ.

"ರಿಪೋರ್ಟ್ ನೋಡಿ ಒಂದು ಕ್ಷಣ ಖುಷಿಯಾಯ್ತು ಮೇಡಂ, ನನ್ನ ತಪ್ಪಲ್ಲ ಅಂತ. ಆ ಖುಷಿಗೆ ಆಮೇಲೆ ನಾಚಿಕೆಯಾಯ್ತು" ಎಂದರು ಆಕೆ. ಗಂಡನ ಎದುರೇ ಹೇಳಿದರು. ಆತ, "ಪರವಾಗಿಲ್ಲ, ನೀನು ಎರಡು ವರ್ಷ ಹೊತ್ತಿದ್ದೀಯ" ಅಂದರು.

ಮಗು ಇನ್ನೂ ಆಗಿಲ್ಲ. ಕಳೆದ ಭೇಟಿಗೆ ಬಂದಾಗ ಫೈಲ್ ಆತನ ಕೈಯಲ್ಲಿತ್ತು.